ಫೈಬರ್ ಜಾಯಿಂಟ್ ಹಾಕುತ್ತಿದ್ದವನು ನೆಟ್‌ವರ್ಕ್ ಇಂಟರ್‌ವ್ಯೂಗೆ ತಯಾರಾಗಿದ್ದು ಹೀಗೆ

ಉಡುಪಿಯಲ್ಲಿ ನಾನು ಫೈಬರ್ ಜಾಯಿಂಟ್ ಹಾಕುವ ಕೆಲಸದಲ್ಲಿದ್ದೆ. ಕಾಪು, ಪಡುಬಿದ್ರಿ, ಬ್ರಹ್ಮಾವರ ಕಡೆ ಜೆಸಿಬಿ ಕೇಬಲ್ ಕಿತ್ತರೆ ನಮಗೆ ಫೋನ್ ಬರುತ್ತಿತ್ತು. ಅಲ್ಲಿಂದ ಮಂಗಳೂರಿನ ಒಂದು ಕಂಪನಿಯ ಎನ್‌ಒಸಿಗೆ ಸೇರಿದೆ. ಇಡೀ ನೆಟ್‌ವರ್ಕನ್ನು ಹಗಲೂ ರಾತ್ರಿ ಕೂತು ನೋಡಿಕೊಳ್ಳುವ ಜಾಗ ಅದು. ಡಿಪ್ಲೊಮಾ ಮುಗಿಸಿದ ಹುಡುಗರು ಸಿಕ್ಕಾಗಲೆಲ್ಲ ಕೇಳುತ್ತಾರೆ, "ಅಣ್ಣಾ, ಇಂಟರ್‌ವ್ಯೂಗೆ ಎಂತ ಓದಬೇಕು?" ಅಂತ.

ಪ್ರಶ್ನೋತ್ತರದ ಪಿಡಿಎಫ್ ಉರು ಹೊಡೆಯುವುದರಲ್ಲಿ ನನಗೆ ನಂಬಿಕೆ ಇಲ್ಲ. ಮೊದಲ ಪ್ರಶ್ನೆಗೆ ಅದು ಸಾಕು. "ಹೌದಾ, ಯಾಕೆ ಹಾಗೆ?" ಎಂದು ಮರುಪ್ರಶ್ನೆ ಬಂದಾಗ ಪಿಡಿಎಫ್ ಕೈಕೊಡುತ್ತದೆ. ನಾನು ಎರಡೇ ಎರಡು ಚಿತ್ರ ಬಿಡಿಸಿ ಓದಿದೆ. ಒಂದು, ಬೆಳಕು ಮನೆಗೆ ಬರುವ ದಾರಿ. ಇನ್ನೊಂದು, ಫೋನಿನಿಂದ ಹೊರಟ ಡೇಟಾ ಹೋಗುವ ದಾರಿ.

ಫೈಬರ್ ಚಿತ್ರದಲ್ಲಿ ಎಕ್ಸ್‌ಚೇಂಜಿನಲ್ಲಿ ಬೆಳಕು ಕಳಿಸುವ ಪೆಟ್ಟಿಗೆ ಒಎಲ್‌ಟಿ, ಕೇಬಲ್, ನಡುವೆ ಬೆಳಕನ್ನು ಪಾಲು ಮಾಡುವ ಸ್ಪ್ಲಿಟರ್, ಕೊನೆಗೆ ಮನೆಯಲ್ಲಿ ಅದನ್ನು ಹಿಡಿಯುವ ಪೆಟ್ಟಿಗೆ ಒಎನ್‌ಟಿ. ಮನೆ ಮನೆಗೆ ಫೈಬರ್ ಕೊಡುವ ಈ ಜಿಪಾನ್ ಪದ್ಧತಿಯಲ್ಲಿ ಒಂದೇ ಎಳೆಯಲ್ಲಿ ಎರಡು ಬೆಳಕು ಓಡುತ್ತವೆ. ಮನೆ ಕಡೆಗೆ 1490 ನ್ಯಾನೋಮೀಟರ್, ವಾಪಸ್ 1310. ವೇಗ ಮನೆ ಕಡೆಗೆ ಸುಮಾರು 2.5 ಗಿಗಾಬಿಟ್, ವಾಪಸ್ 1.25. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಇಂಟರ್‌ವ್ಯೂ ಮಾಡುವವರಿಗೆ ನೋಡಬೇಕಾದದ್ದು ಪವರ್ ಬಜೆಟ್ ಲೆಕ್ಕ, ಅಂದರೆ ಹೊರಟ ಬೆಳಕಿನಲ್ಲಿ ದಾರಿಯಲ್ಲಿ ಎಷ್ಟು ಕಳೆದು ಮನೆಗೆ ಎಷ್ಟು ಮುಟ್ಟುತ್ತದೆ ಅನ್ನುವುದು. ನನಗೆ ಹಾಳೆ, ಪೆನ್ನು ಕೊಟ್ಟೇ ಕೇಳಿದರು.

ಬೆಳಕಿನ ಬಲವನ್ನು ಡಿಬಿಎಂನಲ್ಲಿ, ನಷ್ಟವನ್ನು ಡಿಬಿಯಲ್ಲಿ ಅಳೆಯುತ್ತಾರೆ. ಒಎಲ್‌ಟಿಯಿಂದ +3 ಡಿಬಿಎಂ ಹೊರಟಿತು ಅಂತ ಇಟ್ಟುಕೊಳ್ಳಿ. 8 ಕಿಲೋಮೀಟರ್ ಕೇಬಲ್, ಕಿಲೋಮೀಟರಿಗೆ 0.25 ಡಿಬಿ ಹಿಡಿದರೆ 2 ಡಿಬಿ ಹೋಯಿತು. 1:8 ಸ್ಪ್ಲಿಟರ್ ಸುಮಾರು 10.5 ತಿನ್ನುತ್ತದೆ, ಅದರ ಮುಂದಿನ 1:4 ಸುಮಾರು 7. ನಾಲ್ಕು ಕನೆಕ್ಟರ್‌ಗೆ ಅರ್ಧರ್ಧ ಡಿಬಿಯಂತೆ 2. ಆರು ಜಾಯಿಂಟಿಗೆ 0.1ರಂತೆ 0.6. ಒಟ್ಟು 22.1. ಮನೆಯಲ್ಲಿ ಸಿಗುವುದು −19.1 ಡಿಬಿಎಂ. ಬಿ ಪ್ಲಸ್ ಕ್ಲಾಸಿನ ಒಎನ್‌ಟಿಗೆ −27ರ ತನಕ ನಡೆಯುತ್ತದೆ. ಅಂದರೆ ಇನ್ನೂ 8 ಡಿಬಿ ಹತ್ತಿರ ಕೈಯಲ್ಲಿದೆ. ಲೆಕ್ಕ ಮುಗಿದ ಮೇಲೆ "ಜಾಸ್ತಿ ನಷ್ಟ ಎಲ್ಲಿ?" ಎಂದರು. ದೂರದಲ್ಲಿ ಅಲ್ಲ, ಸ್ಪ್ಲಿಟರ್‌ನಲ್ಲಿ. ಬೆಳಕನ್ನು ಎರಡು ಪಾಲು ಮಾಡಿದ ಪ್ರತಿ ಸಲವೂ 3 ಡಿಬಿಗಿಂತ ಸ್ವಲ್ಪ ಜಾಸ್ತಿ ಕಳೆಯುತ್ತದೆ.

ಆಮೇಲೆ ಫಾಲ್ಟ್ ಪ್ರಶ್ನೆಗಳು. ಒಎನ್‌ಟಿಯಲ್ಲಿ ಎಲ್‌ಒಎಸ್ ದೀಪ ಕೆಂಪಾದರೆ ಬೆಳಕೇ ಬರುತ್ತಿಲ್ಲ, ಅಥವಾ ತೀರಾ ಕಡಿಮೆ ಬರುತ್ತಿದೆ. ಪಾನ್ ದೀಪ ಸುಮ್ನೆ ಮಿನುಗುತ್ತಾ ಇದ್ದರೆ ಬೆಳಕು ಬಂದಿದೆ, ರಿಜಿಸ್ಟ್ರೇಷನ್ ಆಗಿಲ್ಲ. ಒಂದೇ ಮನೆ ಸತ್ತಿದ್ದರೆ ಆ ಮನೆಗೆ ಹೋಗುವ ಡ್ರಾಪ್ ಕೇಬಲ್ ನೋಡಬೇಕು. ಒಂದು ಸ್ಪ್ಲಿಟರ್‌ನ ಎಲ್ಲ ಮನೆಯೂ ಸತ್ತಿದ್ದರೆ ಅದರ ಹಿಂದೆ ಹುಡುಕಬೇಕು. "ಕಟ್ ಅಲ್ಲ, ಬೆಂಡ್ ಅಂತ ಹೇಗೆ ಗೊತ್ತಾಗುತ್ತದೆ?" ಎಂದು ಮೇಡಂ ಒಬ್ಬರು ಕೇಳಿದರು. ಎಳೆಯೊಳಗೆ ಬೆಳಕು ಹೊಡೆದು ನಷ್ಟ ಎಲ್ಲಿದೆ ಎಂದು ತೋರಿಸುವ ಒಟಿಡಿಆರ್‌ನಲ್ಲಿ 1310, 1550 ನ್ಯಾನೋಮೀಟರ್ ಎರಡರಲ್ಲೂ ನೋಡಬೇಕು. ಬೆಂಡ್ ಆಗಿದ್ದರೆ 1550ರಲ್ಲಿ ನಷ್ಟ ಎದ್ದು ಕಾಣುತ್ತದೆ. ಹಾಳಾದ ಜಾಯಿಂಟ್ ಆದರೆ ಎರಡರಲ್ಲೂ ಹೆಚ್ಚುಕಮ್ಮಿ ಒಂದೇ. ಗ್ರಾಹಕರು ಬಳಸುತ್ತಿರುವ ಎಳೆಗೆ ಮಾತ್ರ ಈ ಎರಡನ್ನೂ ಹೊಡೆಯಬಾರದು, ಅಲ್ಲಿ 1625 ಅಥವಾ 1650 ಬೇಕು. ಫೀಲ್ಡಿನವನಿಗೆ ಇದು ದಿನದ ಕೆಲಸ. ಬಾಯಲ್ಲಿ ಬಿಡಿಸಿ ಹೇಳುವುದನ್ನು ಮಾತ್ರ ಅಭ್ಯಾಸ ಮಾಡಿಕೊಳ್ಳಬೇಕಾಯಿತು.

ಮೊಬೈಲ್ ಕಡೆ ನನಗೆ ಹೊಸದು. ಹಾಗಾಗಿ ಆ ಚಿತ್ರವನ್ನು ಮತ್ತೆ ಮತ್ತೆ ಬಿಡಿಸಿದೆ. ಫೋನ್, ಟವರಿನ ಆಂಟೆನಾ, ರೇಡಿಯೋ ಯೂನಿಟ್, ಬೇಸ್‌ಬ್ಯಾಂಡ್ ಯೂನಿಟ್, ಟವರಿನಿಂದ ಒಳಗಿನ ನೆಟ್‌ವರ್ಕಿಗೆ ಕೊಂಡಿಯಾದ ಬ್ಯಾಕ್‌ಹಾಲ್, ಎಲ್ಲವನ್ನೂ ನಡೆಸುವ ಕೋರ್. 4ಜಿ ಕೋರ್‌ನಲ್ಲಿ ಎಂಎಂಇ ಅನ್ನುವ ಭಾಗ ಫೋನ್ ಎಲ್ಲಿದೆ ಎಂದು ನೋಡಿಕೊಳ್ಳುತ್ತದೆ, ಡೇಟಾ ಗೇಟ್‌ವೇಗಳ ಮೂಲಕ ಹೋಗುತ್ತದೆ. 5ಜಿಯಲ್ಲಿ ಆ ಓಡಾಟದ ಲೆಕ್ಕ ಎಎಂಎಫ್‌ಗೆ, ಸೆಷನ್ ಎಸ್‌ಎಂಎಫ್‌ಗೆ, ಡೇಟಾ ಯುಪಿಎಫ್‌ಗೆ. ಎನ್‌ಎಸ್‌ಎ ಅಂದರೆ 5ಜಿ ರೇಡಿಯೋ, ಆದರೆ 4ಜಿಯ ಆಸರೆ ಮತ್ತು 4ಜಿಯದೇ ಕೋರ್. ಎಸ್‌ಎ ಅಂದರೆ ಕೋರ್ ಕೂಡ 5ಜಿ. 2022ರ ಅಕ್ಟೋಬರ್‌ನಲ್ಲಿ ಇಲ್ಲಿ 5ಜಿ ಶುರುವಾದಾಗ ಜಿಯೋ ಎಸ್‌ಎ ಹಿಡಿಯಿತು, ಏರ್‌ಟೆಲ್ ಎನ್‌ಎಸ್‌ಎ ಹಿಡಿಯಿತು. ಈ ಉದಾಹರಣೆ ಕೊಟ್ಟರೆ ವ್ಯಾಖ್ಯೆ ಹೇಳುವುದೇ ಬೇಡ.

"ಸಿಗ್ನಲ್ ಫುಲ್, ನೆಟ್ ಇಲ್ಲ. ಯಾಕೆ?" ಇದು ಎಲ್ಲ ಕಡೆ ಬರುವ ಪ್ರಶ್ನೆ. ಕಡ್ಡಿ ತೋರಿಸುವುದು ಹೆಚ್ಚಾಗಿ ಆರ್‌ಎಸ್‌ಆರ್‌ಪಿಯನ್ನು, ಅಂದರೆ ಸಿಗ್ನಲ್ ಎಷ್ಟು ಜೋರಾಗಿದೆ ಅನ್ನುವುದನ್ನು. ಪಕ್ಕದ ಟವರಿನ ಗಲಾಟೆ ಗೊತ್ತಾಗುವುದು ಎಸ್‌ಐಎನ್‌ಆರ್‌ನಲ್ಲಿ. ಅದೂ ಚೆನ್ನಾಗಿದ್ದರೆ ಟವರಿನಲ್ಲಿ ಜನ ಜಾಸ್ತಿ. ಉಡುಪಿ–ಮಂಗಳೂರು ಎಕ್ಸ್‌ಪ್ರೆಸ್ ಬಸ್ಸು ಎದುರಿಗೇ ನಿಂತಿದ್ದರೂ ಕಾಲಿಡಲು ಜಾಗ ಇಲ್ಲದ ಹಾಗೆ. ಇವೆರಡೂ ಅಲ್ಲದಿದ್ದರೆ ಬ್ಯಾಕ್‌ಹಾಲ್ ನೋಡಬೇಕು.

ಬ್ಯಾಕ್‌ಹಾಲ್ ಅಂದ ಕೂಡಲೇ ಮಳೆ ವಿಷಯ ಬಂತು. ಫೈಬರ್ ಮುಟ್ಟದ ಟವರುಗಳಿಗೆ ಮೈಕ್ರೋವೇವ್ ಲಿಂಕ್ ಇರುತ್ತದೆ. 10 ಗಿಗಾಹರ್ಟ್ಸ್ ದಾಟಿದ ಮೇಲೆ ಫ್ರೀಕ್ವೆನ್ಸಿ ಏರಿದಷ್ಟೂ ಮಳೆಹನಿ ಸಿಗ್ನಲನ್ನು ಜಾಸ್ತಿ ತಿನ್ನುತ್ತದೆ. ನಮ್ಮ ಜುಲೈ ಮಳೆ ಗೊತ್ತಲ್ವಾ? ಈಗಿನ ಲಿಂಕುಗಳು ಮಳೆ ಜೋರಾದಾಗ ಮಾಡ್ಯುಲೇಷನ್, ಅಂದರೆ ಒಂದೊಂದು ಸಲಕ್ಕೆ ತುಂಬುವ ಡೇಟಾದ ಪ್ರಮಾಣ, ಇಳಿಸಿಕೊಳ್ಳುತ್ತವೆ, 256 ಕ್ಯೂಎಎಂನಿಂದ ಕ್ಯೂಪಿಎಸ್‌ಕೆ ತನಕ. ಲಿಂಕ್ ಸುಲಭಕ್ಕೆ ಬೀಳುವುದಿಲ್ಲ, ವೇಗ ಬೀಳುತ್ತದೆ. ಅಲಾರಂ ಕಂಡ ತಕ್ಷಣ ಟವರಿಗೆ ಜನ ಓಡಿಸುವ ಬದಲು ಮೊದಲು ಲಿಂಕಿಗೆ ಎಷ್ಟು ಸಿಗ್ನಲ್ ಸಿಗುತ್ತಿದೆ ಎಂದು ತೋರಿಸುವ ಆರ್‌ಎಸ್‌ಎಲ್ ಗ್ರಾಫ್ ನೋಡುತ್ತೇನೆ ಎಂದೆ. ಮಳೆ ಜೊತೆ ಇಳಿದು ಮಳೆ ನಿಂತಾಗ ಏರಿದರೆ ಅದು ಮಳೆಯದೇ. ಇಳಿದದ್ದು ಬಿಸಿಲು ಬಂದರೂ ಏರದಿದ್ದರೆ ಡಿಶ್ ಅಲುಗಿರಬಹುದು, ಇಲ್ಲವೇ ಕೇಬಲಿಗೆ ನೀರು ಹೊಕ್ಕಿರಬಹುದು. ಆ ಉತ್ತರದ ಮೇಲೇ ಮಾತು ತುಂಬಾ ಹೊತ್ತು ನಡೆಯಿತು.

ಐಪಿಯಲ್ಲಿ ಸಬ್‌ನೆಟ್, ವಿಲ್ಯಾನ್ (ನೆಟ್‌ವರ್ಕನ್ನು ಪಾಲು ಮಾಡುವ ಎರಡು ಬಗೆ), ಟ್ರೇಸ್‌ರೂಟ್ (ಡೇಟಾ ಹೋಗುವ ದಾರಿ ನೋಡುವುದು) ಇಷ್ಟು ಗಟ್ಟಿ ಇದ್ದರೆ ಶುರುವಿನ ಹುದ್ದೆಗೆ ಸಾಕು. ಕೊನೆಗೆ ನೈಟ್ ಶಿಫ್ಟ್ ಆಗುತ್ತದಾ ಎಂದು ಕೇಳಿದರು. ಆಗುತ್ತದೆ ಎನ್ನುವ ಮೊದಲು ಶಿಫ್ಟ್ ಅಲೋವೆನ್ಸ್ ಎಷ್ಟು ಅಂತ ಕೇಳಿಕೊಳ್ಳಿ, ನಾಚಿಕೆ ಬೇಡ.