ಕೂಲಿಂಗ್ ಟವರ್ ಪೈಪುಗಳ ತುಕ್ಕು: ಕೆಮಿಕಲ್ ಹಾಕುವ ಮೊದಲು ನಾನು ಮಾಡಿದ ಕೆಲಸ

ದೊಡ್ಡಬಳ್ಳಾಪುರದ ಕಡೆ ಒಂದು ಕಾರ್ಖಾನೆಯ ಯುಟಿಲಿಟಿ ವಿಭಾಗ ನೋಡಿಕೊಳ್ಳುತ್ತೇನೆ. ನಮ್ಮದು ಗಡಸು ಬೋರ್‌ವೆಲ್ ನೀರು. ಸಾಫ್ಟ್‌ನರ್ (ನೀರಿನ ಗಡಸು ತೆಗೆಯುವ ಯಂತ್ರ) ಹಾಕಿಸಿದ ಮೇಲೆ ಕಂಡೆನ್ಸರಿನಲ್ಲಿ ಸುಣ್ಣ ಕಟ್ಟುವುದು ನಿಂತಿತು, ಆದರೆ ಮೈಲ್ಡ್ ಸ್ಟೀಲ್ ಪೈಪುಗಳು ಸವೆಯತೊಡಗಿದವು. ಬಿಸಿಯಾದ ನೀರನ್ನು ಗಾಳಿಗೊಡ್ಡಿ ತಣಿಸುವ ಈ ಟವರಿನಲ್ಲಿ ಚಿಮ್ಮಿ ಬೀಳುವ ನೀರು ಗಾಳಿಯ ಆಮ್ಲಜನಕವನ್ನು ಬೇಕಾದಷ್ಟು ಹೀರಿಕೊಂಡಿರುತ್ತದೆ. ಕ್ಯಾಲ್ಸಿಯಂ ಪೂರ್ತಿ ತೆಗೆದರೆ ಉಕ್ಕಿನ ಮೇಲೆ ತೆಳ್ಳನೆಯ ರಕ್ಷಣಾ ಪದರವೂ ಕೂರುವುದಿಲ್ಲ. ಅದಕ್ಕೇ ಸಾಫ್ಟ್‌ನರಿಗೆ ಹೋಗದ ಬೈಪಾಸ್ ಪೈಪಿನಿಂದ ಒಂದಷ್ಟು ಗಡಸು ನೀರನ್ನೇ ಬೆರೆಸಲು ಶುರು ಮಾಡಿದೆ.

ಇನ್‌ಹಿಬಿಟರ್ (ತುಕ್ಕು ತಡೆಯುವ ಕೆಮಿಕಲ್) ಆಗಿ ಸತು-ಫಾಸ್ಫೇಟ್ ಆರಿಸಿದೆ. ಹಿಂದೆ ಎಲ್ಲೆಡೆ ಕ್ರೋಮೇಟ್ ಹಾಕುತ್ತಿದ್ದರು. ಉಕ್ಕನ್ನು ಚೆನ್ನಾಗಿ ಕಾಯುತ್ತಿತ್ತು, ಆದರೆ ಕ್ಯಾನ್ಸರ್ ತರುವ ವಿಷ. ಅಮೆರಿಕ 1990ರಲ್ಲೇ ಕಟ್ಟಡಗಳ ಎಸಿ ಟವರುಗಳಲ್ಲಿ ಅದನ್ನು ನಿಷೇಧಿಸಿತು. ಫಾಸ್ಫೇಟ್ ಕಬ್ಬಿಣ ಕರಗುವ ಜಾಗವನ್ನು ಮುಚ್ಚುತ್ತದೆ. ಆಮ್ಲಜನಕ ಖರ್ಚಾಗುವ ಜಾಗದಲ್ಲಿ ನೀರು ಕ್ಷಾರವಾಗುವುದರಿಂದ ಸತು ಅಲ್ಲೇ ಹೋಗಿ ಕೂರುತ್ತದೆ. ಪಿಎಚ್ 8 ದಾಟಿದರೆ ಮಾತ್ರ ಇವೆರಡೂ ನೀರಿನಲ್ಲೇ ಒಡೆದು ಕೆಸರಾಗುತ್ತವೆ, ಹಾಗಾಗಿ ಜೊತೆಗೆ ಅದನ್ನು ತಡೆಯುವ ಪಾಲಿಮರ್ ಬೇಕೇ ಬೇಕು.

ಆದರೆ ಡ್ರಮ್ ತೆರೆಯುವ ಮೊದಲು ಒಂದು ಕೂಪನ್ ತೆಗೆದು ನೋಡಿದೆ. ರಿಟರ್ನ್ ಲೈನಿನ ರ‍್ಯಾಕಿನಲ್ಲಿ ಸವೆತ ಅಳೆಯಲೆಂದು ತಿಂಗಳುಗಟ್ಟಲೆ ನೇತುಹಾಕಿದ್ದ ಉಕ್ಕಿನ ಪಟ್ಟಿ ಅದು. ಮೇಲೆಲ್ಲ ಕಂದು ಗುಬುಟುಗಳು. ಚಾಕುವಿನ ತುದಿಯಿಂದ ಒಂದನ್ನು ಕೆರೆದರೆ ಒಳಗೆ ಕಾಡಿಗೆಯಂಥ ಕಪ್ಪು ಹೂಳು. ಅದರ ಮೇಲೆ ಒಂದು ಹನಿ ಹೈಡ್ರೋಕ್ಲೋರಿಕ್ ಆಮ್ಲ ಬಿಟ್ಟ ತಕ್ಷಣ ಕೊಳೆತ ಮೊಟ್ಟೆಯ ವಾಸನೆ. ಐರನ್ ಸಲ್ಫೈಡ್! ಲೋಳೆಯ ಅಡಿ, ಗಾಳಿ ತಾಗದ ಕಡೆ ಸಲ್ಫೇಟ್ ತಿನ್ನುವ ಬ್ಯಾಕ್ಟೀರಿಯಾ ಮನೆ ಮಾಡಿದ್ದವು. ಅಲ್ಲಿಗೆ ಯಾವ ಇನ್‌ಹಿಬಿಟರೂ ಇಳಿಯುವುದಿಲ್ಲ. ತೂಕದ ಲೆಕ್ಕದಲ್ಲಿ ಸವೆತ ವರ್ಷಕ್ಕೆ ಇಂಚಿನ ಸಾವಿರದಲ್ಲಿ ಮೂರು ಭಾಗಕ್ಕಿಂತ ಕಡಿಮೆ ಬಂದರೂ ಇಂಥ ಗುಬುಟಿನ ಅಡಿಯ ಗುಳಿ ಪೈಪನ್ನು ತೂತು ಮಾಡಬಲ್ಲದು. ವರದಿಯಲ್ಲಿ ಬರೀ ಸರಾಸರಿ ನೋಡಿ ಸಹಿ ಹಾಕುವುದು ನನಗೆ ಒಪ್ಪಿಗೆಯಿಲ್ಲ.

ಹೀಗಾಗಿ ಮೊದಲು ಬಯೋ-ಡಿಸ್ಪರ್ಸೆಂಟ್ ಹಾಕಿ ಲೋಳೆ ಸಡಿಲಿಸಿ, ಟವರ್ ತೊಟ್ಟಿಯ ಹೂಳೆತ್ತಿಸಿ, ನೀರು ತಿಳಿಯಾಗುವವರೆಗೆ ಬ್ಲೋಡೌನ್ (ಟವರಿನ ಹಳೆಯ ನೀರು) ಹೊರಬಿಟ್ಟೆವು. ಆಮೇಲೆ ಲೋಡ್ (ಯಂತ್ರಗಳ ಶಾಖ) ಕೊಡದೆ, ಮಾಮೂಲಿಗಿಂತ ಮೂರು ಪಟ್ಟು ಇನ್‌ಹಿಬಿಟರ್ ಹಾಕಿ ಪಂಪು ಓಡಿಸಿದೆವು. ತೊಳೆದ ಉಕ್ಕಿಗೆ ಮೊದಲ ಪದರ ಕೂರಬೇಕಾದದ್ದು ಆಗಲೇ; ಬರಿ ಮೈಯಲ್ಲಿ ಬಿಟ್ಟರೆ ಗಂಟೆಗಳಲ್ಲೇ ಕೆಂಪಾಗುತ್ತದೆ.

ಬ್ಯಾಕ್ಟೀರಿಯಾ ಕೊಲ್ಲಲು ಹಾಕುವ ಕ್ಲೋರಿನ್ ದ್ರಾವಣ ಹೈಪೋಕ್ಲೋರೈಟಿನದು ಬೇರೆಯದೇ ಪಾಠ. ಪಿಎಚ್ 8.5ರಲ್ಲಿ ಕ್ಲೋರಿನ್ನಿನ ಕೊಲ್ಲುವ ರೂಪ ಸುಮಾರು ಹತ್ತರಲ್ಲೊಂದು ಪಾಲು ಮಾತ್ರ ಉಳಿಯುತ್ತದೆ. ಹೆಚ್ಚು ಸುರಿದರೆ ಉಕ್ಕಿಗೇ ಪೆಟ್ಟು. ಪಿಎಚ್ 8ರೊಳಗೆ ಇಟ್ಟು, ಉಳಿಕೆ ಕ್ಲೋರಿನ್ 0.2ರಿಂದ 0.5 ಪಿಪಿಎಂ ಮೀರದಂತೆ ನೋಡಿಕೊಂಡೆವು. ಆಗಾಗ ಕ್ಲೋರಿನ್ ಅಲ್ಲದ ಬಯೋಸೈಡನ್ನೂ (ಸೂಕ್ಷ್ಮಜೀವಿ ಕೊಲ್ಲುವ ಕೆಮಿಕಲ್) ಹಾಕುತ್ತೇವೆ.

ಮುಂದಿನ ಕೂಪನ್ ತೊಳೆದಾಗ ಗುಳಿಯಿಲ್ಲದ ಬೂದು ಮೈ ಕಂಡಿತು. ಈಗ ಆಯುಧಪೂಜೆ ರಜೆಗೆ ಪ್ಲಾಂಟ್ ನಿಲ್ಲಿಸುವ ಹಿಂದಿನ ದಿನ ಬಯೋಸೈಡ್ ಹಾಕುತ್ತೇವೆ, ರಜೆಯಲ್ಲೂ ದಿನಕ್ಕೊಮ್ಮೆ ಪಂಪು ತಿರುಗಿಸುತ್ತೇವೆ. ನಿಂತ ನೀರಿನಲ್ಲಿ ಆ ಗುಬುಟುಗಳು ಸುಲಭವಾಗಿ ಹುಟ್ಟುತ್ತವೆ.