ರಾಕ್ ಶೋಗೆ ಗ್ಯಾಂಗ್ ಕಟ್ಟಿಕೊಂಡು ಮುಂಬೈಗೆ: ವಾಪಸ್ ಬರುವ ದಾರಿ ಮೊದಲು ನೋಡಿ

ಬೆಂಗಳೂರಿನ ಅರಮನೆ ಮೈದಾನಕ್ಕೆ 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಬಂದಾಗ ಎಲ್ಲೆಲ್ಲಿಂದಲೋ ಹುಡುಗರು ಕಪ್ಪು ಟೀ ಶರ್ಟ್ ತೊಟ್ಟು ಇಲ್ಲಿಗೆ ರೈಲು ಹತ್ತಿದ್ದರು. ಈಗ ಹೆಚ್ಚಾಗಿ ನಾವೇ ಅತ್ತ ಹೋಗಬೇಕು. 2025ರ ಜನವರಿಯಲ್ಲಿ ಕೋಲ್ಡ್‌ಪ್ಲೇ ನವಿ ಮುಂಬೈನ ನೆರೂಲ್‌ನಲ್ಲಿ ನುಡಿಸಿತು. ಮಾರ್ಚ್‌ನಲ್ಲಿ ಗ್ರೀನ್ ಡೇ, ಮೇನಲ್ಲಿ ಗನ್ಸ್ ಎನ್ ರೋಸಸ್ ಮುಂಬೈನ ಮಹಾಲಕ್ಷ್ಮಿ ರೇಸ್‌ಕೋರ್ಸ್‌ಗೆ ಬಂದವು.

ಹೋಗುವ ಯೋಜನೆಯನ್ನು ಎಲ್ಲರೂ ಚೆನ್ನಾಗಿಯೇ ಮಾಡುತ್ತಾರೆ. ರಾತ್ರಿ ಹತ್ತರ ಹೊತ್ತಿಗೆ ಕೊನೆಯ ಹಾಡು ಮುಗಿದು ದೀಪ ಹತ್ತಿದಾಗ ಎಂಟು ಜನರ ಗ್ಯಾಂಗ್ ಮೂರು ಚೂರಾಗಿರುತ್ತದೆ. ಇಬ್ಬರ ಫೋನ್ ಸತ್ತಿರುತ್ತದೆ, ಉಳಿದವರು ರಸ್ತೆಯಲ್ಲಿ ಆಟೊ ಹುಡುಕುತ್ತಿರುತ್ತಾರೆ. (ಮಹಾಲಕ್ಷ್ಮಿಯಲ್ಲಿ ಆಟೊ ಸಿಗುವುದಿಲ್ಲ. ಯಾಕೆಂದು ಮುಂದೆ ಹೇಳುತ್ತೇವೆ.) ಹಾಗಾಗಿ ಶೋ ಮುಗಿದ ಮೇಲೆ ಎಲ್ಲಿ ಮಲಗುತ್ತೀರಿ, ಅಲ್ಲಿಗೆ ಹೇಗೆ ತಲುಪುತ್ತೀರಿ ಎಂಬುದನ್ನು ಮೊದಲು ತೀರ್ಮಾನಿಸಿ. ಉಳಿದದ್ದನ್ನು ಅದಕ್ಕೆ ಹೊಂದಿಸಿ.

ಹೆಜ್ಜೆ 1: ಗ್ಯಾಂಗ್ ಎಂದರೆ ನಾಲ್ಕು ಜನ

ಸಾಮಾನ್ಯ ಟ್ಯಾಕ್ಸಿಯಲ್ಲಿ ನಾಲ್ವರು ಕೂರಬಹುದು. ಭಾರಿ ಬೇಡಿಕೆಯ ಶೋಗಳಲ್ಲಿ ಒಂದು ಖಾತೆಗೆ ಸಾಮಾನ್ಯವಾಗಿ ನಾಲ್ಕೇ ಟಿಕೆಟ್. ತತ್ಕಾಲ್ ರೈಲು ಟಿಕೆಟ್ಟಿನಲ್ಲೂ ನಾಲ್ಕೇ ಹೆಸರು. ಎಂಟು ಜನರಿದ್ದರೆ ನಾಲ್ವರ ಎರಡು ಗುಂಪು ಮಾಡಿ, ಎರಡಕ್ಕೂ ಬೇರೆ ಬೇರೆ ಮುಖ್ಯಸ್ಥರಿರಲಿ. 'ಎಲ್ಲರೂ ಒಟ್ಟಿಗೇ ಇರೋಣ' ಎಂಬ ಎಂಟು ಜನರ ಆಸೆ ಮೊದಲ ಶೌಚಾಲಯದ ಸಾಲಿನಲ್ಲೇ ಮುರಿಯುತ್ತದೆ.

ಹೆಜ್ಜೆ 2: ಟಿಕೆಟ್

ಮಾರಾಟ ಶುರುವಾಗುವ ಮೊದಲೇ ದುಡ್ಡು ಒಟ್ಟು ಮಾಡಿ. ಯಾವ ಸ್ಟ್ಯಾಂಡ್ (ಮೈದಾನದ ಯಾವ ಭಾಗ), ಅದು ಸಿಗದಿದ್ದರೆ ಯಾವುದು, ತಲೆಗೆ ಗರಿಷ್ಠ ಎಷ್ಟು ಎಂಬುದನ್ನು ಬರೆದಿಟ್ಟುಕೊಳ್ಳಿ. ಕೋಲ್ಡ್‌ಪ್ಲೇ ಟಿಕೆಟ್ 2,500 ರೂಪಾಯಿಯಿಂದ 35,000ದವರೆಗೆ ಇತ್ತು. ಅಂಥ ಅಂತರದಲ್ಲಿ 'ಯಾವುದಾದರೂ ಸರಿ' ಎಂದು ಹೇಳಿದವರೇ ಆಮೇಲೆ ಮುಖ ಊದಿಸುವವರು. ಜಿಎಸ್‌ಟಿ ಮತ್ತು ಬುಕಿಂಗ್ ಶುಲ್ಕ ಕೊನೆಯ ಪುಟದಲ್ಲಿ ಸೇರಿಕೊಳ್ಳುತ್ತವೆ, ಅದಕ್ಕೂ ಜಾಗ ಬಿಟ್ಟಿರಿ.

ಆನ್‌ಲೈನ್ ಸಾಲಿಗೆ ನಾಲ್ವರೂ ತಮ್ಮ ತಮ್ಮ ಖಾತೆಯಿಂದ, ತಲಾ ಒಂದೇ ಸಾಧನದಲ್ಲಿ ಸೇರಲಿ. ಸಾಲಿನಲ್ಲಿದ್ದಾಗ ಪುಟ ರಿಫ್ರೆಶ್ ಮಾಡಬೇಡಿ, ನಿಮ್ಮ ಜಾಗ ಹೋಗುತ್ತದೆ. ಮೊದಲು ಒಳಹೊಕ್ಕವರು ನಾಲ್ಕೂ ತೆಗೆಯಲಿ, ಉಳಿದ ಮೂವರು ಹೊರಬರಲಿ. ಯುಪಿಐಯನ್ನು ಹೊಸ ಫೋನಿಗೆ ಹಾಕಿಕೊಂಡ ಮೊದಲ 24 ಗಂಟೆ ಪಾವತಿ ಮಿತಿ ತೀರಾ ಕಡಿಮೆ ಇರುತ್ತದೆ. ಆ ದಿನ ಹೊಸ ಫೋನ್ ಬೇಡ, ಕಾರ್ಡನ್ನೂ ಸಿದ್ಧವಾಗಿಟ್ಟಿರಿ.

ಟಿಕೆಟ್ ಸಿಕ್ಕ ಮೇಲೂ ಒಂದು ಕೆಲಸವಿದೆ. ನಾಲ್ಕೂ ಕ್ಯೂಆರ್ ಕೋಡ್ ಒಬ್ಬರ ಫೋನಿನಲ್ಲಿದ್ದು ಆ ಫೋನ್ ಸತ್ತರೆ ನಾಲ್ವರೂ ಗೇಟಿನ ಹೊರಗೆ. ಆ್ಯಪ್‌ನಲ್ಲಿ ವರ್ಗಾವಣೆಗೆ ಅವಕಾಶವಿದ್ದರೆ ಪ್ರತಿಯೊಬ್ಬರ ಫೋನಿಗೂ ಕಳಿಸಿ. ಸ್ಕ್ರೀನ್‌ಶಾಟ್ ನೆಚ್ಚಬೇಡಿ, ಹಲವು ಆ್ಯಪ್‌ಗಳಲ್ಲಿ ಕೋಡ್ ಆಗಾಗ ಬದಲಾಗುತ್ತದೆ. 'ಸ್ನೇಹಿತರು ಬರಲಾಗುತ್ತಿಲ್ಲ, ಪಿಡಿಎಫ್ ಕಳಿಸುತ್ತೇನೆ' ಎನ್ನುವ ಅಪರಿಚಿತರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಅದೇ ಪಿಡಿಎಫ್ ಹತ್ತು ಜನರಿಗೆ ಹೋಗಿರಬಹುದು, ಮೊದಲು ಸ್ಕ್ಯಾನ್ ಆದವರಷ್ಟೇ ಒಳಗೆ.

ಹೆಜ್ಜೆ 3: ಹೋಗುವುದು

ಹಿಂದಿನ ರಾತ್ರಿಯೇ ಮುಂಬೈಯಲ್ಲಿರಿ. ಬೆಂಗಳೂರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್ ರಾಯಚೂರು, ಕಲಬುರಗಿ, ಸೊಲ್ಲಾಪುರ, ಪುಣೆ ದಾಟಿ ಮುಂಬೈನ ಮುಖ್ಯ ನಿಲ್ದಾಣ ಸಿಎಸ್‌ಎಂಟಿ ಮುಟ್ಟಲು ಸರಿಸುಮಾರು 24 ಗಂಟೆ. ಕರಾವಳಿಯವರಿಗೆ ಮತ್ಸ್ಯಗಂಧಾ ವರ. ಮಧ್ಯಾಹ್ನ ಮಂಗಳೂರು ಬಿಟ್ಟರೆ ಮರುದಿನ ಬೆಳಿಗ್ಗೆ ಲೋಕಮಾನ್ಯ ತಿಲಕ್ ಟರ್ಮಿನಸ್. ಹುಬ್ಬಳ್ಳಿ, ಬೆಳಗಾವಿಯವರಿಗೆ ರಾತ್ರಿ ಬಸ್ಸೇ ಸಲೀಸು. ಆದರೆ ಬೆಂಗಳೂರಿನಿಂದ ಬಸ್ ಬೇಡ. ಸಾವಿರ ಕಿ.ಮೀ. ಆಸುಪಾಸಿನ ದಾರಿ, ಕೊನೆಗೆ ವಾರಾಂತ್ಯದ ಖಂಡಾಲಾ ಘಾಟಿಯ ವಾಹನ ಸಾಲು.

ರೈಲ್ವೆ ಮುಂಗಡ ಬುಕಿಂಗ್ 2024ರ ನವೆಂಬರ್‌ನಿಂದ 60 ದಿನಕ್ಕೆ ಇಳಿದಿದೆ. ಶೋ ಟಿಕೆಟ್ ಅದಕ್ಕೂ ತಿಂಗಳುಗಟ್ಟಲೆ ಮೊದಲು ಮಾರಾಟವಾಗುವುದರಿಂದ ಜನ ರೈಲನ್ನು ಮರೆತೇಬಿಡುತ್ತಾರೆ. ಹೋಗುವ ಟಿಕೆಟ್ ಮತ್ತು ಬರುವ ಟಿಕೆಟ್ ಬೇರೆ ಬೇರೆ ದಿನ ತೆರೆಯುತ್ತವೆ. ಎರಡಕ್ಕೂ ಬೆಳಿಗ್ಗೆ 8ರ ಅಲಾರಂ ಇಡಿ.

ವಿಮಾನದವರಿಗೆ ಹೊಸದೊಂದು ತಲೆನೋವು: 2025ರ ಡಿಸೆಂಬರ್ 25ರಿಂದ ನವಿ ಮುಂಬೈ ವಿಮಾನ ನಿಲ್ದಾಣವೂ ಕೆಲಸ ಶುರು ಮಾಡಿದೆ. ಟಿಕೆಟ್ಟಿನಲ್ಲಿ ಯಾವ ನಿಲ್ದಾಣ ಎಂದು ಓದಿ. ನೆರೂಲ್‌ಗೆ ಹೊಸದು ಹತ್ತಿರ, ಮಹಾಲಕ್ಷ್ಮಿಗೆ ಹಳೆಯದು. ಹಳೆಯ ನಿಲ್ದಾಣದಿಂದ ನೆಲದಡಿಯ ಮೆಟ್ರೊ ಮೂರನೇ ಮಾರ್ಗ ನೇರವಾಗಿ ಮಹಾಲಕ್ಷ್ಮಿಗೆ ತಂದು ಬಿಡುತ್ತದೆ.

ಶೋ ರದ್ದಾದರೆ? 2011ರ ಅಕ್ಟೋಬರ್ 28ರಂದು ಗುರುಗ್ರಾಮದ ಮೆಟಾಲಿಕಾ ಶೋ ಜನ ಮೈದಾನದಲ್ಲಿ ಸೇರಿದ ಮೇಲೆ ನಿಂತುಹೋಯಿತು. ಎರಡು ದಿನದ ನಂತರ ಬೆಂಗಳೂರಿನದು ನಡೆಯಿತು. ಆಯೋಜಕರು ವಾಪಸ್ ಕೊಟ್ಟರೂ ಕೊಡುವುದು ಶೋ ಟಿಕೆಟ್ಟಿನ ಹಣ, ವಿಮಾನದ್ದಲ್ಲ. ರೂಮನ್ನಾದರೂ ರದ್ದು ಮಾಡಬಹುದಾದ ದರದಲ್ಲೇ ತೆಗೆಯಿರಿ.

ಹೆಜ್ಜೆ 4: ರೂಮು

ಮಹಾಲಕ್ಷ್ಮಿಗಾದರೆ ಮುಂಬೈ ಸೆಂಟ್ರಲ್, ಲೋವರ್ ಪರೇಲ್ ಅಥವಾ ದಾದರ್–ಮಾಟುಂಗಾ. ನೆರೂಲ್‌ಗಾದರೆ ನೆರೂಲ್, ಸೀವುಡ್ಸ್, ವಾಶಿ ಅಥವಾ ಬೇಲಾಪುರ. ಅಂಧೇರಿಯಲ್ಲಿ ಅಗ್ಗ ಎಂದು ನೆರೂಲ್ ಶೋಗೆ ಅಲ್ಲಿ ಉಳಿದರೆ ಉಳಿಸಿದ ದುಡ್ಡನ್ನು ಟ್ಯಾಕ್ಸಿ ನುಂಗುತ್ತದೆ. ನಮ್ಮ ಮತ ಮಾಟುಂಗಾಕ್ಕೆ. ಬೆಳಿಗ್ಗೆ ಎದ್ದರೆ ಉಡುಪಿ ಹೋಟೆಲುಗಳ ಇಡ್ಲಿ, ಫಿಲ್ಟರ್ ಕಾಫಿ. ಮಧ್ಯಾಹ್ನಕ್ಕೆ 1942ರಿಂದ ಬಡಿಸುತ್ತಿರುವ ಎ. ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್. ಶೋ ಮುಗಿಸಿ ಬರುವ ಹೊತ್ತಿಗೆ ಇವೆಲ್ಲ ಬಾಗಿಲು ಹಾಕಿರುತ್ತವೆ. ಬಾಳೆಹಣ್ಣು, ಬ್ರೆಡ್, ನೀರು ಮಧ್ಯಾಹ್ನವೇ ರೂಮಿನಲ್ಲಿಟ್ಟು ಹೋಗಿ. ರಾತ್ರಿ ಒಂದಕ್ಕೆ ಬಾಗಿಲು ತೆಗೆಯುತ್ತಾರಾ ಎಂದು ಲಾಡ್ಜಿನವರನ್ನು ಮೊದಲೇ ಕೇಳಿ.

ಹೆಜ್ಜೆ 5: ಒಳಗೆ

ನಿಷೇಧಿತ ವಸ್ತುಗಳ ಪಟ್ಟಿ ಶೋಗೊಂದು ಥರ. ನೀರಿನ ಬಾಟಲಿ, ಕೊಡೆ, ಲೈಟರ್, ಸೆಂಟು, ದೊಡ್ಡ ಬ್ಯಾಗು ಹೆಚ್ಚಾಗಿ ಹೊರಗೇ. ಹಲವು ಕಡೆ ಪವರ್ ಬ್ಯಾಂಕ್ ಕೂಡ ಬಿಡುವುದಿಲ್ಲ, ಗೇಟಿನ ಬುಟ್ಟಿಗೆ ಹಾಕಿದ್ದು ಮರಳಿ ಸಿಗುವುದಿಲ್ಲ. ಬಿಡುತ್ತಾರೆಂದಾದರೆ 10,000 ಎಂಎಎಚ್‌ನ ಒಳ್ಳೆಯ ಕಂಪನಿಯದೊಂದು ಇಬ್ಬರಿಗೆ ಸಾಕು. ಪಾದಚಾರಿ ಮಾರ್ಗದ '50,000 ಎಂಎಎಚ್' ಹೆಸರಿನದು ಮುಟ್ಟಲೇಬೇಡಿ. ಅಂಗೈಯಗಲದ ಡಬ್ಬಿಯಲ್ಲಿ ಅಷ್ಟು ವಿದ್ಯುತ್ ಹಿಡಿಯುವುದಿಲ್ಲ. ನಿಜವಾಗಿ ಅಷ್ಟಿದ್ದರೆ ವಿಮಾನದ 100 ವಾಟ್-ಅವರ್ ಮಿತಿಯನ್ನು ಅದು ದಾಟುತ್ತದೆ.

ಕಾಲಿಗೆ ಮುಚ್ಚಿದ ಶೂ. ಚಪ್ಪಲಿ ಹಾಕಿದವರ ಬೆರಳು ಮೂರನೇ ಹಾಡಿಗೇ ಅಪ್ಪಚ್ಚಿ.

ಕಿವಿಯ ವಿಚಾರ ಹೇಳಿದರೆ ಹುಡುಗರು ನಗುತ್ತಾರೆ. ನಗಲಿ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್ ಪ್ರಕಾರ 85 ಡೆಸಿಬೆಲ್ ಸದ್ದನ್ನು ಎಂಟು ಗಂಟೆ ಕೇಳಬಹುದು. ಪ್ರತಿ 3 ಡೆಸಿಬೆಲ್ ಏರಿದಂತೆ ಹೊತ್ತು ಅರ್ಧಕ್ಕಿಳಿಯುತ್ತದೆ. ರಾಕ್ ಶೋನಲ್ಲಿ ಮಾಮೂಲಿಯಾದ 100 ಡೆಸಿಬೆಲ್‌ಗೆ ಕಾಲು ಗಂಟೆಯಷ್ಟೇ. ಕಿವಿಗೆ ಹಾಕುವ ಫೋಮ್ ಪ್ಲಗ್ ಕಡಿಮೆ ದುಡ್ಡಿಗೇ ಸಿಗುತ್ತದೆ, ಆದರೆ ಹೆಚ್ಚಿನವರು ಅದನ್ನು ಕಿವಿಯ ಬಾಯಿಗೆ ಒತ್ತಿ ಬಿಟ್ಟುಬಿಡುತ್ತಾರೆ. ಬೆರಳಲ್ಲಿ ಹೊಸೆದು ತೆಳ್ಳಗೆ ಮಾಡಿ, ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು, ಪ್ಲಗ್ ಒಳತೂರಿಸಿ, ಅದು ಉಬ್ಬುವ ತನಕ ಅರ್ಧ ನಿಮಿಷ ಹಿಡಿದಿರಬೇಕು. ಹತ್ತಿ ತುರುಕುವುದು ದಂಡ.

ನಿಲ್ಲುವ ಜಾಗ: ವೇದಿಕೆಯೆದುರಿನ ಬ್ಯಾರಿಕೇಡಿನ ಮೋಹ ಬಿಡಿ. ಮೈದಾನದ ನಡುವೆ ಧ್ವನಿ ಎಂಜಿನಿಯರ್ ಕೂರುವ ಗೂಡೊಂದಿರುತ್ತದೆ. ಅವರು ಸದ್ದನ್ನು ಹದ ಮಾಡುವುದು ಅಲ್ಲಿ ತಮಗೆ ಕೇಳಿಸಿದ್ದನ್ನು ನಂಬಿ. ಅದರ ಮುಂದೆ ತುಸು ಪಕ್ಕಕ್ಕೆ ನಿಂತರೆ ಗಿಟಾರು, ಬಾಸು, ದನಿ ಎಲ್ಲ ಬಿಡಿಬಿಡಿಯಾಗಿ ಕೇಳುತ್ತವೆ. ಹೊರಹೋಗುವ ದಾರಿಯೂ ಅಲ್ಲಿಂದ ಹತ್ತಿರ.

ಹೆಜ್ಜೆ 6: ಹೊರಬರುವುದು

ಇದಕ್ಕೆ ಮಧ್ಯಾಹ್ನವೇ ತಯಾರಿ ಬೇಕು. ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿ ಪ್ರಯೋಜನವಿಲ್ಲ.

ಸಮಯ ಊಹಿಸುವುದು ಸುಲಭ. 2000ದ ಶಬ್ದಮಾಲಿನ್ಯ ನಿಯಮದಂತೆ ತೆರೆದ ಜಾಗದಲ್ಲಿ ರಾತ್ರಿ 10ರ ನಂತರ ಧ್ವನಿವರ್ಧಕ ಕೂಡದು, ವಿಶೇಷ ಅನುಮತಿ ಇದ್ದರೆ ಮಾತು ಬೇರೆ. ಹಾಗಾಗಿ ಶೋ ಹತ್ತರ ಆಸುಪಾಸಿಗೆ ಮುಗಿಯುತ್ತದೆ, ಹತ್ತಾರು ಸಾವಿರ ಜನ ಒಂದೇ ಗಳಿಗೆಯಲ್ಲಿ ಗೇಟಿಗೆ ನುಗ್ಗುತ್ತಾರೆ.

ಒಳಗೆ ಕಾಲಿಟ್ಟ ಕೂಡಲೇ ಎರಡು ಜಾಗ ಗೊತ್ತು ಮಾಡಿ: ಒಂದು ಮೈದಾನದೊಳಗೆ, ಒಂದು ಹೊರಗೆ. 'ಗೇಟಿನ ಹತ್ತಿರ' ಎಂಬುದು ಜಾಗವಲ್ಲ, ಗೇಟುಗಳು ಹಲವಿರುತ್ತವೆ. ಆಹಾರ ಮಳಿಗೆಯ ಬೋರ್ಡೂ ಬೇಡ, ದೀಪ ಆರಿಸಿದರೆ ಕಾಣುವುದಿಲ್ಲ. ನಂಬರ್ ಬರೆದ ಕಂಬ, ವೈದ್ಯಕೀಯ ಟೆಂಟ್, ಇಂಥವು ಆಗಬಹುದು. ಹೊರಗಿನ ಜಾಗ ಗೇಟಿನಿಂದ ಒಂದು ಕಿ.ಮೀ. ಆಚೆ ಇರಲಿ. ನಿಯಮ ಒಂದೇ: ಕೊನೆಯ ಹಾಡು ಮುಗಿದು 40 ನಿಮಿಷ ಒಳಗಿನ ಜಾಗದಲ್ಲಿ ಕಾಯುವುದು. ಬಾರದವರಿದ್ದರೆ ಅವರು ನೇರ ಹೊರಗಿನ ಜಾಗಕ್ಕೆ ಬರುತ್ತಾರೆಂದು ನಂಬಿ ಹೊರಡುವುದು. ಹುಡುಕಲು ಹಿಂದಿರುಗಬಾರದು. ಹಿಂದಿರುಗಿದವರೇ ಆಮೇಲೆ ಕಳೆದುಹೋಗುತ್ತಾರೆ. ಅಷ್ಟು ಜನರ ನಡುವೆ ವಾಟ್ಸಾಪ್ ಓಡುವುದಿಲ್ಲ. ಸಾದಾ ಎಸ್‌ಎಂಎಸ್ ಎಷ್ಟೋ ಸಲ ದಾಟುತ್ತದೆ. ಲಾಡ್ಜಿನ ವಿಳಾಸ ಮತ್ತು ಉಳಿದ ಮೂವರ ನಂಬರನ್ನು ಚೀಟಿಯಲ್ಲಿ ಬರೆದು ಎಲ್ಲರೂ ಜೇಬಿನಲ್ಲಿಟ್ಟುಕೊಳ್ಳಿ.

ಹೊರಡಲು ಕೆಟ್ಟ ಹೊತ್ತು ಎಂದರೆ ಶೋ ಮುಗಿದ ಮೊದಲ ಅರ್ಧ ಗಂಟೆ. ಕೊನೆಯ ಹಾಡು ಬಿಟ್ಟು ಓಡಿಹೋಗುವುದಕ್ಕೆ ಇಷ್ಟು ದೂರ ಬರಬೇಕಿರಲಿಲ್ಲ. ಹಾಗಾಗಿ ನಿಂತು, ನೀರು ಕುಡಿದು, 10.40ರ ಹೊತ್ತಿಗೆ ನಡೆಯಿರಿ. ಸೆಕ್ಯುರಿಟಿಯವರು ಬೇಗ ಎಬ್ಬಿಸಿದರೆ ಗುಂಪಿನ ಬಾಲದಲ್ಲಿರಿ, ನಡುವೆ ಬೇಡ.

ನಡುವೆ ಸಿಕ್ಕಿಬಿದ್ದರೆ: ಭುಜಕ್ಕೆ ಭುಜ ಒತ್ತಿ ಕೈಯೆತ್ತಲು ಆಗುತ್ತಿಲ್ಲ ಎನಿಸುವ ಮೊದಲೇ ಎರಡೂ ಮುಂಗೈಯನ್ನು ಎದೆಯ ಮುಂದೆ ಅಡ್ಡ ಹಿಡಿಯಿರಿ. ಇಂಥ ಕಡೆ ಜನ ಸಾಯುವುದು ಹೆಚ್ಚಾಗಿ ಎದೆ ಒತ್ತಿ ಉಸಿರು ಕಟ್ಟಿ. ಎದುರು ತಳ್ಳಬೇಡಿ. ಅಲೆ ಬಂದಾಗ ಅದರ ಜೊತೆ ಸಾಗಿ, ಅದು ನಿಂತಾಗ ಓರೆಯಾಗಿ ಅಂಚಿನ ಕಡೆ ಎರಡು ಹೆಜ್ಜೆ ಸರಿಯಿರಿ. ಗೋಡೆಗೆ ಆನಿಸಿಕೊಳ್ಳಬೇಡಿ. ಬಿದ್ದ ಫೋನಿಗೆ ಬಗ್ಗಲೇಬೇಡಿ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 11 ಜನ ಸತ್ತದ್ದು ಗೇಟುಗಳ ಬಳಿಯ ನೂಕುನುಗ್ಗಲಲ್ಲಿ. ಮಹಾಲಕ್ಷ್ಮಿಯಿಂದ ಎರಡೇ ಸ್ಟೇಷನ್ ಆಚೆಗಿನ, ಆಗ ಎಲ್ಫಿನ್‌ಸ್ಟನ್ ರೋಡ್ ಎನಿಸಿದ್ದ ಪ್ರಭಾದೇವಿಯ ಕಾಲುಸೇತುವೆಯಲ್ಲಿ 2017ರ ಸೆಪ್ಟೆಂಬರ್ 29ರಂದು 20ಕ್ಕೂ ಹೆಚ್ಚು ಜನ ಸತ್ತರು. ಸ್ಟೇಷನ್ ಮೆಟ್ಟಿಲು ಭರ್ತಿಯಿದ್ದರೆ ರಸ್ತೆಯಲ್ಲೇ ನಿಲ್ಲಿ, ಇನ್ನೊಂದು ಲೋಕಲ್ ಬರುತ್ತದೆ.

ಈಗ ಸವಾರಿ. ದಕ್ಷಿಣ ಮುಂಬೈಯಲ್ಲಿ ಆಟೊರಿಕ್ಷಾಕ್ಕೆ ಪ್ರವೇಶವಿಲ್ಲ. ಅವು ಓಡುವುದು ಬಾಂದ್ರಾ, ಸಯನ್ ಕಡೆಯಿಂದ ಆಚೆಗೆ. ನೆರೂಲ್‌ನಲ್ಲಿ ಆಟೊ ಉಂಟು, ಮಹಾಲಕ್ಷ್ಮಿಯಲ್ಲಿ ಕಾಲಿ-ಪೀಲಿ (ಕಪ್ಪು-ಹಳದಿ ಬಣ್ಣದ) ಟ್ಯಾಕ್ಸಿ ಇಲ್ಲವೇ ಆ್ಯಪ್ ಟ್ಯಾಕ್ಸಿ ಮಾತ್ರ. ಗೇಟಿನೆದುರೇ ಆ್ಯಪ್ ಟ್ಯಾಕ್ಸಿ ಬುಕ್ ಮಾಡಿದರೆ ದರ ಎರಡು-ಮೂರು ಪಟ್ಟು ತೋರಿಸುತ್ತದೆ, ಪೊಲೀಸರು ರಸ್ತೆ ಮುಚ್ಚಿರುವುದರಿಂದ ಡ್ರೈವರ್ ಬರಲಾಗದೆ ಕ್ಯಾನ್ಸಲ್ ಮಾಡುತ್ತಾರೆ. ಒಂದೂವರೆ ಕಿ.ಮೀ. ನಡೆದ ಮೇಲೆ ಫೋನ್ ತೆಗೆಯಿರಿ.

ಲೋಕಲ್ ರೈಲೇ ಉತ್ತಮ. ಮೆಟ್ರೊ ಸಾಮಾನ್ಯ ದಿನಗಳಲ್ಲಿ ಹತ್ತೂವರೆ ಹೊತ್ತಿಗೇ ಮಲಗುತ್ತದೆ, ಶೋಗೆಂದು ವಿಸ್ತರಿಸಿದ ಪ್ರಕಟಣೆ ಇದ್ದರಷ್ಟೇ ನೆಚ್ಚಿ. ಪಶ್ಚಿಮ ಮಾರ್ಗದ ಲೋಕಲ್ ಮಧ್ಯರಾತ್ರಿ ದಾಟಿಯೂ ಓಡುತ್ತದೆ. ಒಂದು ಉಪಾಯ: ಮಹಾಲಕ್ಷ್ಮಿಯಲ್ಲಿ ನಿಲ್ಲುವುದು ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುವ ಸ್ಲೋ ಗಾಡಿ ಮಾತ್ರ, ಎಲ್ಲರೂ ಉತ್ತರಕ್ಕೆ ಹೋಗುವ ಪ್ಲಾಟ್‌ಫಾರ್ಮಿನಲ್ಲೇ ಕಿಕ್ಕಿರಿಯುತ್ತಾರೆ. ನೀವು ಚರ್ಚ್‌ಗೇಟ್ ಕಡೆಯ ಖಾಲಿ ಗಾಡಿ ಹತ್ತಿ ಒಂದೇ ಸ್ಟೇಷನ್ ಹಿಂದಕ್ಕೆ, ಮುಂಬೈ ಸೆಂಟ್ರಲ್‌ಗೆ ಹೋಗಿ. ಅಲ್ಲಿ ಫಾಸ್ಟ್ ಗಾಡಿ ನಿಲ್ಲುತ್ತದೆ, ದಾದರ್, ಬಾಂದ್ರಾ, ಅಂಧೇರಿಯವರು ಅದನ್ನೇ ಹಿಡಿಯಬಹುದು. ಟಿಕೆಟ್ ಅದಕ್ಕೆ ತಕ್ಕಂತೆ ಮುಂಬೈ ಸೆಂಟ್ರಲ್‌ವರೆಗಿನ ರಿಟರ್ನ್ ಆಗಿರಲಿ, ಮಧ್ಯಾಹ್ನ ಬರುವಾಗಲೇ ಕೌಂಟರಿನಲ್ಲಿ ಕಾಗದದ್ದೇ ತೆಗೆದುಕೊಳ್ಳಿ. ರಾತ್ರಿ ಸಾಲೂ ಇರುತ್ತದೆ, ಆ್ಯಪ್ ತೆರೆಯಲು ನೆಟ್‌ವರ್ಕೂ ಇರುವುದಿಲ್ಲ. ಸೆಕೆಂಡ್ ಕ್ಲಾಸ್ ಟಿಕೆಟ್ಟಿನವರು ಗಡಿಬಿಡಿಯಲ್ಲಿ ಫಸ್ಟ್ ಕ್ಲಾಸ್ ಡಬ್ಬಿಗೆ ಹತ್ತಿದರೆ ದಂಡ ಬೀಳುತ್ತದೆ.

ಹೆಜ್ಜೆ 7: ಮರುದಿನ

ಬೆಳಿಗ್ಗೆ ಹನ್ನೊಂದಕ್ಕಿಂತ ಮುಂಚಿನ ವಿಮಾನ ಬೇಡ, ಅದೇ ರಾತ್ರಿಯ ಬಸ್ಸಂತೂ ಬೇಡವೇ ಬೇಡ. ಶೋನಲ್ಲಿ ಮಣಿಕಟ್ಟಿಗೆ ಕಟ್ಟುವ ಕೈಪಟ್ಟಿಗೆ ದುಡ್ಡು ತುಂಬಿಸಿ ಖರ್ಚು ಮಾಡುವ ವ್ಯವಸ್ಥೆಯಿದ್ದ ಶೋ ಆದರೆ ಪಟ್ಟಿಯನ್ನು ಕತ್ತರಿಸಿ ಎಸೆಯಬೇಡಿ. ಉಳಿದ ಹಣ ವಾಪಸ್ ಕೇಳಲು ಅದರ ಮೇಲಿನ ಸಂಖ್ಯೆ ಬೇಕಾಗಬಹುದು, ಕೇಳಲು ಕೆಲವೇ ದಿನಗಳ ಗಡುವು ಇರುತ್ತದೆ. ವಾಪಸ್ ಬರುವ ರೈಲಿನಲ್ಲೇ ನಾಲ್ವರೂ ಅರ್ಜಿ ಹಾಕಿಬಿಡಿ.