ಮಲಗಿರಲಿ ಎಂದೇ ಹಾಕುವ ಲೀಡ್: ಸೈನಸ್ ನೋಡ್ ರೋಗಿಗಳ ಪೇಸಿಂಗ್‌ನಲ್ಲಿ ನನ್ನ ಅನುಭವ

ಪೇಸ್‌ಮೇಕರ್ ಪೆಟ್ಟಿಗೆಯಿಂದ ಹೃದಯದ ಮೇಲಿನ ಕೋಣೆಗೆ (ಏಟ್ರಿಯಂ) ಒಂದು, ಕೆಳಗಿನ ಕೋಣೆಗೆ (ವೆಂಟ್ರಿಕಲ್) ಒಂದು ಎಂದು ಎರಡು ಲೀಡ್ (ತಂತಿ) ಹಾಕಿ, ಕೆಳಗಿನದನ್ನು ಮಲಗಿಸಿಡುವುದಾದರೆ ಅದು ಯಾಕೆ ಬೇಕಿತ್ತು? ಈ ಪ್ರಶ್ನೆ ಕೇಳಿಸಿಕೊಂಡು ಸಾಕಾಗಿದೆ. ಕೇಳುವವರಲ್ಲಿ ಎರಡು ಪಂಗಡ. ಒಬ್ಬರು ‘ವಿವಿಐ (ಕೆಳಕೋಣೆಗೆ ಮಾತ್ರ ಪೇಸಿಂಗ್) ಒಂದೇ ಸಾಕು, ದುಡ್ಡು ಉಳಿಯುತ್ತೆ’ ಎನ್ನುವವರು. ಇನ್ನೊಬ್ಬರು ‘ಡಿಡಿಡಿ (ಎರಡೂ ಕೋಣೆಯನ್ನು ನೋಡಿಕೊಳ್ಳುವ ಮೋಡ್) ಹಾಕಿದ ಮೇಲೆ ಎವಿ ಡಿಲೇ (ಮೇಲಿನ ಬಡಿತದ ನಂತರ ಕೆಳಗಿನದಕ್ಕೆ ಕಾಯುವ ಸಮಯ) 150 ಮಿಲಿಸೆಕೆಂಡಿಗಿಟ್ಟು ಎರಡೂ ಕೋಣೆ ಹೊಡೆಸಿ, ತಂಟೆಯೇ ಇರಲ್ಲ’ ಎನ್ನುವವರು. ಸೈನಸ್ ನೋಡ್ (ಬಡಿತ ಹುಟ್ಟಿಸುವ ಜಾಗ) ಸೋತು ಎವಿ ನೋಡ್ (ಅದನ್ನು ಕೆಳಕೋಣೆಗೆ ಸಾಗಿಸುವ ಜಾಗ) ಇನ್ನೂ ಗಟ್ಟಿಯಾಗಿರುವ ರೋಗಿಗೆ ಈ ಎರಡೂ ಒಗ್ಗುವುದಿಲ್ಲ. ಬೇಕಾದದ್ದು ಮೇಲಿನ ಕೋಣೆಗೆ ಪೇಸಿಂಗ್. ಕೆಳಗಿನ ಲೀಡ್ (ವಿ ಲೀಡ್) ಕಾವಲಿಗೆ ಮಾತ್ರ. ಹೀಗೆ ಇಟ್ಟವರಲ್ಲಿ ವೆಂಟ್ರಿಕ್ಯುಲರ್ (ವಿ) ಪೇಸಿಂಗ್ ಈಗ ಬಹುಪಾಲು ಶೇ 5ರ ಕೆಳಗಿದೆ. ಶುರುವಿನಲ್ಲಿ ಪ್ರೋಗ್ರಾಮರ್ (ಪೆಟ್ಟಿಗೆಯ ಸೆಟ್ಟಿಂಗ್ ಓದಿ ಬದಲಿಸುವ ಯಂತ್ರ) ಪರದೆ 80, 90 ಎಂದು ಅಣಕಿಸುತ್ತಿತ್ತು.

ಮೊದಲು ಯಾರಿಗೆ ಪೆಟ್ಟಿಗೆಯೇ ಬೇಡ ಎನ್ನುವುದನ್ನು ಚುಟುಕಾಗಿ ಮುಗಿಸುತ್ತೇನೆ. ಬೀಟಾ ಬ್ಲಾಕರ್, ಡಿಲ್ಟಿಯಾಜೆಮ್, ಡಿಗಾಕ್ಸಿನ್, ಲಿಥಿಯಂ, ಕ್ಲೋನಿಡಿನ್, ಡೊನೆಪೆಜಿಲ್, ಥೈರಾಯ್ಡ್, ಪೊಟ್ಯಾಸಿಯಂ ಎಲ್ಲವನ್ನೂ ನೋಡಿಯೇ ನೋಡುತ್ತೀರಿ. ತಪ್ಪಿಹೋಗುವುದು ಟಿಮೊಲಾಲ್ ಕಣ್ಣಿನ ಹನಿ. ಕಣ್ಣಿಗೆ ಬಿಡುವುದನ್ನು ಯಾರೂ ಔಷಧಿಯ ಪಟ್ಟಿಯಲ್ಲಿ ಹೇಳುವುದಿಲ್ಲ, ನಾವೇ ಕೇಳಬೇಕು. ನಿದ್ದೆಯಲ್ಲಿ ಕಂಡ 3 ಸೆಕೆಂಡಿನ ಪಾಸ್ (ಬಡಿತದ ವಿರಾಮ) ಹಿಡಿದುಕೊಂಡು ಪಾಕೆಟ್ (ಪೆಟ್ಟಿಗೆ ಕೂರುವ ಚರ್ಮದಡಿಯ ಜಾಗ) ಕೊಯ್ಯಬೇಡಿ; ಗೊರಕೆ, ಉಸಿರುಗಟ್ಟುವಿಕೆ ಇದೆಯೇ ವಿಚಾರಿಸಿ. 2018ರ ಅಮೆರಿಕದ ಮಾರ್ಗಸೂಚಿ ಕೂಡ ‘ಇಷ್ಟು ಬಡಿತಕ್ಕಿಂತ ಕಡಿಮೆಯಾದರೆ ಹಾಕಿ’ ಎಂಬ ಗೆರೆ ಎಳೆದಿಲ್ಲ. ತಲೆಸುತ್ತು ಬಂದ ಗಳಿಗೆಗೂ ಟ್ರೇಸಿಂಗ್‌ನಲ್ಲಿ ಬಡಿತ ಬಿದ್ದ ಗಳಿಗೆಗೂ ತಾಳೆಯಾಗಬೇಕು.

ಇನ್ನು ಟೇಬಲ್ ಮೇಲಿನ ಕೆಲಸ. ಈ ಪದ್ಧತಿ ನಿಲ್ಲುವುದೂ ಬೀಳುವುದೂ ಏಟ್ರಿಯಲ್ ಲೀಡ್ ಮೇಲೆ. ಜೆ ಸ್ಟೈಲೆಟ್ (ಲೀಡಿನೊಳಗೆ ತೂರಿಸುವ ಬಾಗಿದ ತಂತಿ) ಹಾಕಿ ಮೆಲ್ಲಗೆ ಮೇಲೆಳೆದಾಗ ತುದಿ ಏಟ್ರಿಯಂನ ಅಪೆಂಡೇಜ್‌ಗೆ (ಕಿವಿಯಂಥ ಚೀಲ) ಹೊಕ್ಕರೆ, ಫ್ಲೋರೋದಲ್ಲಿ (ಚಲಿಸುವ ಎಕ್ಸ್‌ರೇ) ಅದು ಕಾರಿನ ವೈಪರ್‌ನಂತೆ ಆಚೀಚೆ ಒಲೆಯುತ್ತದೆ. ಆ ಒಲೆತ ಕಾಣುವ ತನಕ ಹೆಲಿಕ್ಸ್ (ಲೀಡಿನ ತುದಿಯ ತಿರುಪು) ತಿರುಗಿಸಬೇಡಿ. ತಿರುಗಿಸಿದ ಕೂಡಲೇ ಥ್ರೆಶೋಲ್ಡ್ (ಹೃದಯವನ್ನು ಬಡಿಸಲು ಬೇಕಾದ ಕನಿಷ್ಠ ವೋಲ್ಟೇಜ್) 2 ವೋಲ್ಟ್ ತೋರಿಸಿದರೆ ಗಾಬರಿಯೂ ಬೇಡ. ಎಲೆಕ್ಟ್ರೋಗ್ರಾಂನಲ್ಲಿ (ಲೀಡಿನ ತುದಿಯೇ ಬರೆಯುವ ಇಸಿಜಿ) ಪಿ ಅಲೆಯ (ಏಟ್ರಿಯಂನ ಬಡಿತ) ಬೆನ್ನಿಗೆ ಇಂಜುರಿ ಕರೆಂಟ್‌ನ (ತಿರುಪು ಹೊಕ್ಕ ಗಾಯದ ಗುರುತು) ಏರು ಇದೆಯೇ ನೋಡಿ. ಇದ್ದರೆ ಐದರಿಂದ ಹತ್ತು ನಿಮಿಷ ಕಾಯಿರಿ, 1ರ ಆಸುಪಾಸಿಗೆ ತಾನಾಗಿ ಇಳಿಯುತ್ತದೆ. ಅದಿಲ್ಲದೆ ಅಂಕಿ ಮಾತ್ರ ಚೆನ್ನಾಗಿದ್ದರೆ ನಾನು ನಂಬುವುದಿಲ್ಲ. ಮರುದಿನದ ಎಕ್ಸ್‌ರೇಯಲ್ಲಿ ಜಾರಿರುವ ಲೀಡುಗಳು ಹೆಚ್ಚಾಗಿ ಇವೇ. ನನಗೆ ಬೇಕಾದದ್ದು ಪಿ ಅಲೆ 2 ಮಿಲಿವೋಲ್ಟ್‌ಗೆ ಕಡಿಮೆಯಿಲ್ಲದಂತೆ, ಥ್ರೆಶೋಲ್ಡ್ 0.5 ಮಿಲಿಸೆಕೆಂಡಿಗೆ 1.5 ವೋಲ್ಟ್ ಒಳಗೆ. ಆಮೇಲೆ ಆಳವಾಗಿ ಉಸಿರೆಳೆಸಿ, ಕೆಮ್ಮಿಸಿ, 10 ವೋಲ್ಟ್‌ನಲ್ಲಿ ಪೇಸ್ ಮಾಡಿ ವಪೆ ಕುಣಿಯುತ್ತದೆಯೇ ನೋಡುವುದು. ಪಕ್ಕದ ಗೋಡೆಗೆ ಸಿಕ್ಕಿಸಿದರೆ ವಪೆಯನ್ನು ಆಡಿಸುವ ಬಲ ಫ್ರೆನಿಕ್ ನರಕ್ಕೆ ತಾಗುವ ಅಪಾಯ ಹೆಚ್ಚು.

ಪಾಕೆಟ್ ಮುಚ್ಚುವ ಮುಂಚೆ ಒಂದು ಅಳತೆಯನ್ನು ಬಿಡಲೇಬಾರದು. ಏಟ್ರಿಯಂ ಅನ್ನು 100, 110, 120ರಲ್ಲಿ ಪೇಸ್ ಮಾಡುತ್ತ ಎವಿ ನೋಡ್ ಒಂದಕ್ಕೊಂದು ಸಾಗಿಸುತ್ತಿದೆಯೇ ನೋಡಿ. 120ರ ವರೆಗೂ ಜಗ್ಗದಿದ್ದರೆ ವಿ ಲೀಡನ್ನು ನಿಶ್ಚಿಂತೆಯಿಂದ ಮಲಗಿಸಬಹುದು. 90ಕ್ಕೇ ವೆಂಕೆಬಾಕ್ (ಎವಿ ನೋಡ್ ನಿಧಾನವಾಗುತ್ತ ಒಂದು ಬಡಿತ ಬಿಟ್ಟುಬಿಡುವುದು) ಬಂದರೆ ಕೈಬಿಡುವ ಮುನ್ನ ಮಂಪರು ಬರಿಸುವ ಔಷಧಿ ಎಷ್ಟು ಹೋಗಿದೆ ಕೇಳಿಕೊಳ್ಳಿ. ಮಾರನೆಯ ಬೆಳಿಗ್ಗೆ ಎದ್ದು ಕೂತ ರೋಗಿಯಲ್ಲಿ ಅದೇ ಪರೀಕ್ಷೆ ಮಾಡಿದರೆ ಅಂಕಿ ಬದಲಾಗಿರುತ್ತದೆ. 60ರಲ್ಲಿ ಪೇಸ್ ಆದಾಗ ಏಟ್ರಿಯಲ್ ಸ್ಪೈಕ್‌ನಿಂದ (ಪೇಸಿಂಗ್ ಹೊಡೆತದ ಗೆರೆ) ಕ್ಯುಆರ್‌ಎಸ್ (ಕೆಳಕೋಣೆಯ ಬಡಿತ) ತನಕ ಎಷ್ಟು ಮಿಲಿಸೆಕೆಂಡ್ ಎಂಬುದನ್ನು ಫೈಲಿನ ಮೊದಲ ಪುಟದಲ್ಲೇ ಬರೆದಿಡಿ. ಮುಂದಿನದೆಲ್ಲ ನಿಂತಿರುವುದು ಆ ಅಂಕಿಯ ಮೇಲೆ.

ಅಪೆಂಡೇಜ್ ಬಿಟ್ಟು ಬಾಕ್‌ಮನ್ ಕಟ್ಟಿನ (ಎರಡೂ ಏಟ್ರಿಯಂಗಳನ್ನು ಬೆಸೆಯುವ ಸ್ನಾಯುಪಟ್ಟಿ) ಹತ್ತಿರ, ಸೆಪ್ಟಂನ (ನಡುಗೋಡೆ) ಮೇಲ್ತುದಿಯಲ್ಲಿ ಲೀಡ್ ಕೂರಿಸಿ ನೋಡಿದ್ದೂ ಉಂಟು. ಪಿ ಅಲೆ ಕಿರಿದಾಗುತ್ತದೆ, ಸ್ಪೈಕ್‌ನಿಂದ ಕ್ಯುಆರ್‌ಎಸ್‌ವರೆಗಿನ ಅಂತರವೂ ಒಂದಿಷ್ಟು ಇಳಿಯುತ್ತದೆ. ಗಡಿಯಲ್ಲಿರುವ ರೋಗಿಗೆ ಆ ಒಂದಿಷ್ಟೇ ಸಾಕು. ಆದರೆ ಜಾಗ ಹುಡುಕುವುದಕ್ಕೆ ಸಮಯ ತಿನ್ನುತ್ತದೆ, ಫ್ಲೋರೋ ಏರುತ್ತದೆ, ಲೀಡ್ ಜಾರುವ ಭಯ ಇದ್ದೇ ಇದೆ. ಎಲ್ಲರಿಗೂ ಬೇಡ. ಸ್ಟೈಲೆಟ್ ಅನ್ನು ಅದಕ್ಕೆ ಹೇಗೆ ಬಾಗಿಸುತ್ತೇನೆ ಎನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಪಕ್ಕದಲ್ಲಿ ನಿಂತು ನೋಡಿದರೆ ಒಂದೇ ದಿನದಲ್ಲಿ ಗೊತ್ತಾಗುತ್ತೆ.

ಈಗ ಪ್ರೋಗ್ರಾಮಿಂಗ್, ನಾನು ಹೆಚ್ಚು ಎಡವಿದ ಜಾಗ. ಎವಿ ಡಿಲೇಯನ್ನು ಸುಮ್ಮನೆ 350ಕ್ಕೆ ಎಳೆದಿಟ್ಟು ಮನೆಗೆ ಕಳಿಸಿದರೆ ಕೆಲಸ ಮುಗಿಯಿತು ಎಂದುಕೊಂಡಿದ್ದೆ. ಮೂರು ಬಗೆಯಲ್ಲಿ ಕೈಕೊಟ್ಟಿತು.

ಒಂದು, ಮೇಲಿನ ದರದ ಲೆಕ್ಕ. ಸೆನ್ಸ್ಡ್ ಎವಿ (ಪಿ ಅಲೆ ತಾನಾಗಿ ಬಂದಾಗಿನ ಎವಿ ಡಿಲೇ) 280, ಪಿವಿಎಆರ್‌ಪಿ (ವಿ ಬಡಿತದ ನಂತರ ಏಟ್ರಿಯಂನ ಅಲೆಯನ್ನು ಪೆಟ್ಟಿಗೆ ಲೆಕ್ಕಕ್ಕಿಡದ ಹೊತ್ತು) 260 ಅಂದರೆ ಒಟ್ಟು 540 ಮಿಲಿಸೆಕೆಂಡ್. 60,000ವನ್ನು ಅದರಿಂದ ಭಾಗಿಸಿ, 111ಕ್ಕೇ ಟ್ರ್ಯಾಕಿಂಗ್ (ಪ್ರತಿ ಪಿ ಅಲೆಯ ಹಿಂದೆ ವಿ ಪೇಸ್ ಕೊಡುವುದು) ಎರಡಕ್ಕೊಂದಾಗಿ ಬೀಳುತ್ತದೆ. ಸೈನಸ್ ನೋಡ್ ಸೋತವರಲ್ಲಿ ಸಾಮಾನ್ಯವಾಗಿ ಇದು ತೊಂದರೆ ಕೊಡುವುದಿಲ್ಲ. ಎವಿ ವಹನ ಕೈಕೊಟ್ಟ ಗಳಿಗೆಯಲ್ಲಿ ಮಾತ್ರ ಬಡಿತ ಥಟ್ಟನೆ ಅರ್ಧಕ್ಕಿಳಿದು ರೋಗಿ ಮೆಟ್ಟಿಲ ಮೇಲೆ ಕೂತುಬಿಡುತ್ತಾರೆ. ದರ ಏರಿದಂತೆ ಎವಿ ಡಿಲೇ ಇಳಿಯುವ ಸೌಲಭ್ಯವನ್ನು ಆನ್ ಮಾಡಿಡಿ.

ಎರಡನೆಯದು ಹೆಚ್ಚು ಕಪಟಿ. ರೋಗಿಗೆ ಸುಸ್ತು, ಇಸಿಜಿಯಲ್ಲಿ ಏಟ್ರಿಯಲ್ ಸ್ಪೈಕ್ ಇದೆ, ಹಿಂದೆ ಪಿ ಅಲೆ ಇಲ್ಲ. ಲೀಡ್ ಜಾರಿತೆಂದು ವೋಲ್ಟೇಜ್ ಏರಿಸುತ್ತಾರೆ, ಏನೂ ಆಗುವುದಿಲ್ಲ. ಎಕ್ಸ್‌ರೇ ತೆಗೆಸಿದರೆ ಲೀಡ್ ಇದ್ದಲ್ಲೇ ಇದೆ. ನಿಜವಾಗಿ ಆಗಿರುವುದು ಇದು: ಒಂದು ವಿ ಪೇಸ್ ಬಿತ್ತು, ಅದು ಹಿಮ್ಮುಖವಾಗಿ ಹೋಗಿ ಏಟ್ರಿಯಂ ಅನ್ನು ಬಡಿಯಿತು. ಆ ಪಿ ಅಲೆ ಪಿವಿಎಆರ್‌ಪಿ ಒಳಗೆ ಬಿದ್ದದ್ದರಿಂದ ಪೆಟ್ಟಿಗೆ ಅದನ್ನು ಲೆಕ್ಕಕ್ಕಿಡಲಿಲ್ಲ. ಬೇಸ್ ರೇಟ್ (ಪೆಟ್ಟಿಗೆಯ ಕನಿಷ್ಠ ದರ) 80 ಇದ್ದರೆ ಸುತ್ತು 750 ಮಿಲಿಸೆಕೆಂಡ್. ಅದರಲ್ಲಿ ಎವಿ 350 ಕಳೆದರೆ ವಿ ಪೇಸ್ ಆದ 400 ಮಿಲಿಸೆಕೆಂಡಿಗೆ ಮುಂದಿನ ಏಟ್ರಿಯಲ್ ಸ್ಪೈಕ್. ಹಿಮ್ಮುಖ ಪಿ ಬಂದದ್ದು 250ಕ್ಕೆ. ನಡುವೆ ಉಳಿದದ್ದು 150 ಮಾತ್ರ, ಏಟ್ರಿಯಂ ಇನ್ನೂ ಚೇತರಿಸಿಕೊಂಡಿಲ್ಲ, ಸ್ಪೈಕ್ ಕಲ್ಲಿಗೆ ಹೊಡೆದಂತೆ. ಕೆಳಗಿಳಿಯುವ ಅಲೆ ಇಲ್ಲವಾದ್ದರಿಂದ ಮತ್ತೆ ವಿ ಪೇಸ್, ಮತ್ತೆ ಹಿಮ್ಮುಖ. ಗಂಟೆಗಟ್ಟಲೆ ಹೀಗೇ ಓಡುತ್ತದೆ. ಬೇಸ್ ರೇಟ್ ಅನ್ನು 60ಕ್ಕೆ ಇಳಿಸಿ: ಸುತ್ತು 1000, ಎವಿ ಕಳೆದು 650, ಹಿಮ್ಮುಖ ಪಿ ಆದಮೇಲೆ 400 ಸಿಗುತ್ತದೆ. ಏಟ್ರಿಯಂ ಹಿಡಿದುಕೊಳ್ಳುತ್ತದೆ, ಸರಪಳಿ ಕಡಿಯುತ್ತದೆ. ಒಂದು ಗುಂಡಿ ಒತ್ತಿದರೆ ಮುಗಿಯುವುದಕ್ಕೆ ಲೀಡ್ ರಿವಿಷನ್‌ಗೆ (ಲೀಡ್ ಮತ್ತೆ ಕೂರಿಸುವ ಶಸ್ತ್ರಕ್ರಿಯೆ) ಬರೆದುಕೊಟ್ಟ ಕಾಗದಗಳನ್ನು ಕಂಡಿದ್ದೇನೆ.

ಮೂರನೆಯದು, ದೇಹದ ಅಲುಗಾಟ ಅಥವಾ ಉಸಿರು ನೋಡಿ ದರ ಏರಿಸುವ ಸೆನ್ಸರ್. ಇದು ಹೊಳೆಯುವುದಕ್ಕೆ ನನಗೆ ಬಹಳ ಕಾಲ ಹಿಡಿಯಿತು. ಎವಿ ಡಿಲೇ ಸರಿಯಿದೆ, ಬೇಸ್ ರೇಟ್ 60, ಆದರೂ ವಿ ಪೇಸಿಂಗ್ ಶೇ 40. ಹಿಸ್ಟೋಗ್ರಾಂ (ಯಾವ ದರದಲ್ಲಿ ಎಷ್ಟು ಬಡಿತ ಎಂಬ ನಕ್ಷೆ) ಬಿಡಿಸಿದರೆ ವಿ ಪೇಸ್ ಎಲ್ಲ 85ರಿಂದ 110ರ ನಡುವೆ ಗುಡ್ಡೆಬಿದ್ದಿದೆ. ನಿಜವಾದ ಶ್ರಮದಲ್ಲಿ ಅಡ್ರಿನಲಿನ್ ಏರಿ ಎವಿ ನೋಡ್ ಚುರುಕಾಗುತ್ತದೆ. ಸೆನ್ಸರ್ ಬರೀ ಅಲುಗಾಟಕ್ಕೆ ದರ ಏರಿಸಿದಾಗ ಆ ಚುರುಕು ಬಂದಿರುವುದಿಲ್ಲ, ಅಂತರ ಹಿಗ್ಗುತ್ತದೆ, ಪೆಟ್ಟಿಗೆ ವಿ ಪೇಸ್ ಕೊಟ್ಟುಬಿಡುತ್ತದೆ. ಬೀಟಾ ಬ್ಲಾಕರ್ ಮೇಲಿದ್ದರಂತೂ ಕೇಳುವುದೇ ಬೇಡ. ಈಗ ಡಿಸ್ಚಾರ್ಜ್ ದಿನ ಸೆನ್ಸರನ್ನು ಪ್ಯಾಸಿವ್‌ನಲ್ಲಿಡುತ್ತೇನೆ (ಅಳೆಯುತ್ತದೆ, ದರ ಏರಿಸುವುದಿಲ್ಲ). ಕೆಲವು ವಾರ ಬಿಟ್ಟು ಹಿಸ್ಟೋಗ್ರಾಂ ನೋಡಿ, ಶ್ರಮದಲ್ಲೂ ದರ ಏರದೆ ಚಪ್ಪಟೆಯಾಗಿರುವವರಿಗೆ ಮಾತ್ರ ಆನ್. ಆನ್ ಮಾಡಿದ ದಿನ ಕಾರಿಡಾರ್‌ನಲ್ಲಿ ಅವರದೇ ನಡಿಗೆಯಲ್ಲಿ ಎರಡು ಮೂರು ನಿಮಿಷ ನಡೆಸುತ್ತೇನೆ; 85ರಿಂದ 95 ಬಂದರೆ ಸಾಕು. ಆಕ್ಸೆಲೆರೋಮೀಟರ್ (ಅಲುಗಾಟ ಅಳೆಯುವ ಸೆನ್ಸರ್) ಹಳ್ಳಕೊಳ್ಳದ ರಸ್ತೆಯಲ್ಲಿ ಗಾಡಿಯಲ್ಲಿ ಕೂತವರಿಗೂ ಬಡಿತ ಏರಿಸುತ್ತದೆ, ಸೈಕಲ್ ತುಳಿಯುವವರಿಗೆ ಅಷ್ಟಾಗಿ ಏರಿಸುವುದಿಲ್ಲ. ಉಸಿರಾಟ ಅಳೆಯುವ ಸೆನ್ಸರ್ ಸೈಕಲ್‌ಗೆ ಒಳ್ಳೆಯದು. ಆದರೆ ಉಸಿರನ್ನು ಇಂಪೀಡೆನ್ಸ್‌ನಿಂದ (ಎದೆಯ ವಿದ್ಯುತ್ ತಡೆ) ಅಳೆಯುವ ಮಾನಿಟರ್‌ಗೆ ಕಟ್ಟಿದಾಗ ಅದೂ ದಾರಿ ತಪ್ಪುತ್ತದೆ.

ವಿ ಪೇಸಿಂಗ್ ತಪ್ಪಿಸುವ ಆಟೋಮ್ಯಾಟಿಕ್ ಮೋಡ್ ಈಗ ಹೆಚ್ಚಿನ ಪೆಟ್ಟಿಗೆಗಳಲ್ಲಿದೆ, ಪ್ರತಿ ಕಂಪನಿಗೂ ಅದರದೇ ಹೆಸರು. ಆನ್ ಮಾಡಿ, ಆದರೆ ಕಣ್ಣುಮುಚ್ಚಿ ಅಲ್ಲ. ಎಎಐ (ಮೇಲಿನ ಕೋಣೆಗೆ ಮಾತ್ರ ಪೇಸಿಂಗ್) ಥರ ಓಡಿ, ಬಡಿತ ತಪ್ಪಿದ ಮೇಲೆ ಡಿಡಿಡಿಗೆ ಬರುವ ಬಗೆಯದು ಒಂದು ಬಡಿತದ ಉದ್ದ ಪಾಸ್ ಬಿಡುತ್ತದೆ. ಪಾಸ್ ಆದಮೇಲೆ ವಿಟಿ (ಕೆಳಕೋಣೆಯ ಅಪಾಯಕಾರಿ ಓಟ) ಬರುವ ಹೃದಯಗಳಿಗೆ ಅದು ಅಪಾಯ. ಎವಿ ಡಿಲೇಯನ್ನು ಆಗಾಗ ಹಿಗ್ಗಿಸಿ ಹುಡುಕುವ ಬಗೆಯದು ಅಂಥವರಿಗೆ ವಾಸಿ. ಪರದೆಯ ಶೇಕಡಾವನ್ನೂ ಪೂರ್ತಿ ನಂಬಬೇಡಿ. ಕ್ಯುಆರ್‌ಎಸ್ ತಾನಾಗಿ ಶುರುವಾದ ಮೇಲೆ ಸ್ಪೈಕ್ ಬಿದ್ದರೂ ಕೌಂಟರ್ ಅದನ್ನು ಪೇಸ್ ಎಂದೇ ಎಣಿಸುತ್ತದೆ. 12 ಲೀಡ್ ಇಸಿಜಿ ತೆಗೆದರೆ ಗುಟ್ಟು ರಟ್ಟು.

ಸ್ಪೈಕ್‌ನಿಂದ ಕ್ಯುಆರ್‌ಎಸ್ 280 ಮಿಲಿಸೆಕೆಂಡ್ ದಾಟಿದವರಲ್ಲಿ ನಾನು ಹಟ ಮಾಡುವುದಿಲ್ಲ. ಇನ್ನೂ ಉದ್ದವಾದರೆ ಏಟ್ರಿಯಂ ಮುಚ್ಚಿದ ಕವಾಟಕ್ಕೆ ಬಡಿದುಕೊಳ್ಳುತ್ತದೆ, ಪೇಸ್‌ಮೇಕರ್ ಸಿಂಡ್ರೋಮ್‌ನದೇ (ಎರಡು ಕೋಣೆಗಳ ತಾಳ ತಪ್ಪಿ ಬರುವ ಸುಸ್ತು, ತಲೆಸುತ್ತು) ಗೋಳು, ವಿ ಪೇಸ್ ಒಂದೂ ಇಲ್ಲದೆ. ಅಂಥವರಿಗೆ ಎವಿ ಡಿಲೇ ಇಳಿಸಿ ಕೆಳಕೋಣೆಯನ್ನು ಪೇಸ್ ಮಾಡುವುದೇ ಮೇಲು. ಮೊದಲೇ ಗೊತ್ತಿದ್ದರೆ ವಿ ಲೀಡನ್ನು ಎಡ ಬಂಡಲ್ ಶಾಖೆಯ (ಕೆಳಕೋಣೆಯ ಸಹಜ ವಹನದ ದಾರಿ) ಜಾಗದಲ್ಲಿ ಕೂರಿಸಿ.

ಸಂಶಯದವರಿಗೆ ಕೊಡುವ ಲೆಕ್ಕ ನೆನಪಿನಿಂದ ಹೇಳುತ್ತೇನೆ. ಸೈನಸ್ ನೋಡ್ ರೋಗಿಗಳ ಮೋಸ್ಟ್ ಪ್ರಯೋಗದ 2003ರ ವಿಶ್ಲೇಷಣೆಯಲ್ಲಿ, ಡಿಡಿಡಿಆರ್ (ಸೆನ್ಸರ್ ಸೇರಿದ ಡಿಡಿಡಿ) ಇದ್ದವರಿಗೆ ವಿ ಪೇಸಿಂಗ್ ಶೇ 40 ದಾಟಿದಾಗ ಹಾರ್ಟ್ ಫೇಲ್ಯೂರ್‌ಗೆ ದಾಖಲಾಗುವ ಅಪಾಯ ಎರಡೂವರೆ ಪಟ್ಟಿನಷ್ಟಿತ್ತು. 2007ರ ಸೇವ್ ಪೇಸ್ ಪ್ರಯೋಗದಲ್ಲಿ ವಿ ಪೇಸಿಂಗ್ ಶೇ 99 ಇದ್ದ ಗುಂಪಿನಲ್ಲಿ ಪಟ್ಟುಹಿಡಿದ ಏಟ್ರಿಯಲ್ ಫಿಬ್ರಿಲೇಷನ್ (ಮೇಲಿನ ಕೋಣೆಯ ಅಡ್ಡಾದಿಡ್ಡಿ ಬಡಿತ) ಶೇ 12.7, ಶೇ 9ಕ್ಕೆ ಇಳಿಸಿದ ಗುಂಪಿನಲ್ಲಿ 7.9. ‘ಹಾಗಾದರೆ ಏಟ್ರಿಯಲ್ ಲೀಡ್ ಒಂದನ್ನೇ ಹಾಕಿ’ ಎನ್ನುವವರಿಗೆ 2011ರ ಡ್ಯಾನ್‌ಪೇಸ್ ಪ್ರಯೋಗವೇ ಉತ್ತರ: ಒಂಟಿ ಏಟ್ರಿಯಲ್ ಲೀಡಿನವರಲ್ಲಿ ಶೇ 22 ಜನರಿಗೆ ಮತ್ತೆ ಕತ್ತರಿ, ಎರಡು ಲೀಡಿನವರಲ್ಲಿ 12. ಅದೇ ಪ್ರಯೋಗದಲ್ಲಿ ಫಿಬ್ರಿಲೇಷನ್, ಕೆಳಕೋಣೆಗೆ ಪೇಸಿಂಗೇ ಇಲ್ಲದ ಒಂಟಿ ಲೀಡಿನವರಲ್ಲೇ ತುಸು ಹೆಚ್ಚಿತ್ತು. ಇದನ್ನು ಎದುರಾಳಿಗಳು ಎತ್ತಿ ಹೇಳುತ್ತಾರೆ, ತಪ್ಪಲ್ಲ. ನನ್ನ 280ರ ಗೆರೆಗೆ ಅದೂ ಒಂದು ಕಾರಣ.

ದುಡ್ಡಿನ ಮಾತು. ಎರಡು ಲೀಡಿನದು ಮೊದಲ ದಿನ ದುಬಾರಿ, ನಿಜ. ಆದರೆ ವಿವಿಐ ಹಾಕಿಸಿಕೊಂಡವರಿಗೆ ಹಿಮ್ಮುಖ ವಹನದಿಂದ ಕತ್ತು ಬಡಿದುಕೊಂಡು, ಬಿಪಿ 20 ಇಳಿದು, ವರ್ಷ ಕಳೆದು ಏಟ್ರಿಯಲ್ ಲೀಡ್ ಸೇರಿಸಬೇಕಾದರೆ ಹೊಸ ಜನರೇಟರ್ (ಪೆಟ್ಟಿಗೆ) ಬೇಕು, ಹಳೆಯ ಪಾಕೆಟ್ ಬಿಚ್ಚಬೇಕು, ರಕ್ತನಾಳ ಮುಚ್ಚಿಹೋಗಿದ್ದರೆ ಇನ್ನೊಂದು ಪೇಚು. ಬಿಚ್ಚಿದ ಪಾಕೆಟ್‌ಗೆ ಸೋಂಕಿನ ಅಪಾಯ ಮೊದಲ ಸಲಕ್ಕಿಂತ ಹೆಚ್ಚು.

ಬ್ಯಾಟರಿಯಲ್ಲೂ ಉಳಿತಾಯ ಇದೆ, ಎಲ್ಲರೂ ಹುಡುಕುವ ಜಾಗದಲ್ಲಿ ಅಲ್ಲ. ಮಲಗಿದ ವಿ ಲೀಡಿನ ವೋಲ್ಟೇಜ್ ಇಳಿಸಿ ಏನೂ ಸಿಗುವುದಿಲ್ಲ. ಕೊಡದ ಸ್ಪೈಕ್‌ಗೆ ಖರ್ಚೇ ಇಲ್ಲ. ಅಲ್ಲಿ ಸುರಕ್ಷತೆಯ ಅಂತರ ಬಿಟ್ಟೇ ಇಡಿ. ಇಳಿಸಬೇಕಾದದ್ದು ಏಟ್ರಿಯಲ್ ಔಟ್‌ಪುಟ್. 500 ಓಮ್‌ಗೆ 0.4 ಮಿಲಿಸೆಕೆಂಡಿನಲ್ಲಿ 3.5 ವೋಲ್ಟ್ ಅಂದರೆ ಸ್ಪೈಕ್‌ಗೆ ಸುಮಾರು 10 ಮೈಕ್ರೋಜೂಲ್. 2 ವೋಲ್ಟ್‌ಗೆ 3 ಚಿಲ್ಲರೆ. ಹಾಗೆಂದು ಆಯುಷ್ಯ ಮೂರು ಪಟ್ಟಾಗುವುದಿಲ್ಲ, ಪೆಟ್ಟಿಗೆಗೆ ತನ್ನದೇ ಮನೆಖರ್ಚು ಇದೆ. ಮೂರು ತಿಂಗಳ ಮುಂಚೆ ಮಾತ್ರ ಕೈಹಾಕಬೇಡಿ. ಸ್ಟೀರಾಯ್ಡ್ ತುದಿಯ ಲೀಡ್ ಆದರೂ ಮೊದಲ ವಾರಗಳಲ್ಲಿ ಥ್ರೆಶೋಲ್ಡ್ ಏರಿ ಇಳಿಯುವುದುಂಟು. ಆಮೇಲೆ ಥ್ರೆಶೋಲ್ಡ್‌ನ ಎರಡರಷ್ಟು.

ಕೊನೆಗೆ, ಮೋಡ್ ಸ್ವಿಚ್ (ಏಟ್ರಿಯಂ ಅತಿ ವೇಗವಾಗಿದೆ ಎಂದು ಪೆಟ್ಟಿಗೆ ಟ್ರ್ಯಾಕಿಂಗ್ ಬಿಡುವುದು) ಎಣಿಕೆ. ಏಟ್ರಿಯಲ್ ಲೀಡ್ ಕೆಳಕೋಣೆಯ ಆರ್ ಅಲೆಯನ್ನು ದೂರದಿಂದ ಕೇಳಿಸಿಕೊಂಡು ಒಂದು ಪಿ ಅನ್ನು ಎರಡೆಂದು ಎಣಿಸಿದರೆ ವರದಿಯಲ್ಲಿ ನೂರಾರು ಫಿಬ್ರಿಲೇಷನ್ ಕಂತುಗಳು ಕಾಣುತ್ತವೆ. ರಕ್ತ ಹೆಪ್ಪುಗಟ್ಟದ ಔಷಧಿ ಬರೆಯುವ ಮುನ್ನ ಉಳಿಸಿಟ್ಟ ಎಲೆಕ್ಟ್ರೋಗ್ರಾಂ ಬಿಡಿಸಿ. ಏಟ್ರಿಯಲ್ ಚಾನೆಲ್‌ನಲ್ಲಿ ಉದ್ದ, ಗಿಡ್ಡ, ಉದ್ದ, ಗಿಡ್ಡ ಎಂದು ಅಂತರ ತಾಳ ಹಾಕುತ್ತಿದ್ದರೆ, ಗಿಡ್ಡನೆಯ ಗುರುತು ಪ್ರತಿಸಲ ಕ್ಯುಆರ್‌ಎಸ್ ಮೇಲೇ ಕೂತಿದ್ದರೆ, ಅದು ಫಿಬ್ರಿಲೇಷನ್ ಅಲ್ಲ. ಪಿವಿಎಬಿ (ವಿ ಬಡಿತದ ಬೆನ್ನಿಗೆ ಏಟ್ರಿಯಲ್ ಚಾನೆಲ್ ಏನನ್ನೂ ಕೇಳಿಸಿಕೊಳ್ಳದ ಹೊತ್ತು) ಹಿಗ್ಗಿಸಿ, ಸಾಲದಿದ್ದರೆ ಪಿ ಅಲೆಯ ಎತ್ತರ ನೋಡಿಕೊಂಡು ಸೆನ್ಸಿಟಿವಿಟಿಯನ್ನು 0.3ರಿಂದ 0.5 ಮಿಲಿವೋಲ್ಟ್‌ಗೆ ತನ್ನಿ, ಕೌಂಟರ್ ಸೊನ್ನೆ ಮಾಡಿ ತಿಂಗಳು ಬಿಟ್ಟು ಮತ್ತೆ ಕರೆಯಿರಿ.